ಮಾವಿನ ಹಣ್ಣಿನ ಚಿತ್ರವೇ ಜಾಲವಿಳಾಸವಾದರೆ?

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮದೊಂದು ಮಾವಿನ ತೋಟವಿದೆ. ಎರಡು ವರ್ಷಗಳಿಂದ ಬಾದಾಮಿ, ಮಲ್ಲಿಕಾ ಹಣ್ಣುಗಳನ್ನು ಪೆಟ್ಟಿಗೆ ಕಟ್ಟಿ ಬೆಂಗಳೂರಿನ ಮನೆಗಳಿಗೆ ನೇರವಾಗಿ ಕಳುಹಿಸುತ್ತಿದ್ದೇವೆ. ಈ ಸಲ ಸ್ವಂತ ಜಾಲತಾಣ ಮಾಡಿಸಬೇಕೆಂದಿದ್ದೇವೆ. ‘ಹೆಸರೇ ಬೇಡ, ಮಾವಿನ ಎಮೋಜಿಯನ್ನೇ ವಿಳಾಸವಾಗಿ ಕೊಳ್ಳೋಣ, ಜನ ಮರೆಯುವುದಿಲ್ಲ’ ಎಂದು ಮಗ ಹಟ ಹಿಡಿದಿದ್ದಾನೆ. ಇದು ಸಾಧ್ಯವೇ? ಸಾಧ್ಯವಾದರೆ ಒಳ್ಳೆಯದೇ?

ಉತ್ತರ: ಸಾಧ್ಯವಿದೆ, ಆದರೆ ನೀವು ಸಹಜವಾಗಿ ಬಯಸುವ ಡಾಟ್ ಕಾಮ್ ಅಥವಾ ಡಾಟ್ ಇನ್ ಅಡಿಯಲ್ಲಿ ಅಲ್ಲ. ಒಳ್ಳೆಯದೇ ಎಂದು ಕೇಳಿದರೆ, ಅಂಗಡಿಯ ಬಾಗಿಲಿಗೆ ಕಟ್ಟುವ ತೋರಣವಾಗಿ ಒಳ್ಳೆಯದು, ಅಂಗಡಿಯ ಹೆಸರಾಗಿ ಒಳ್ಳೆಯದಲ್ಲ ಎನ್ನುತ್ತೇನೆ. ಹೀಗೆ ಹೇಳುವುದೇಕೆ ಎಂಬುದು ತಿಳಿಯಬೇಕಾದರೆ, ನಿಮ್ಮ ಮಗ ಆ ಹಣ್ಣಿನ ಚಿತ್ರವನ್ನು ಬ್ರೌಸರಿನ ವಿಳಾಸಪಟ್ಟಿಯಲ್ಲಿ ಹಾಕಿದಾಗ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಅಂತರ್ಜಾಲದ ಹೆಸರುಗಳ ವ್ಯವಸ್ಥೆ 1983ರಲ್ಲಿ ರೂಪುಗೊಂಡಾಗ ಹೆಸರಿಡಲು ಬಳಕೆಗೆ ಬಂದದ್ದು ಇಂಗ್ಲಿಷಿನ 26 ಅಕ್ಷರ, 10 ಅಂಕಿ ಮತ್ತು ಒಂದು ಕಿರುಗೆರೆ, ಒಟ್ಟು 37 ಚಿಹ್ನೆಗಳು. ಇಂದಿಗೂ ಕನ್ನಡವಾಗಲಿ, ಅರಬ್ಬಿಯಾಗಲಿ, ಎಮೋಜಿಯಾಗಲಿ ಆ ವ್ಯವಸ್ಥೆಯ ಒಳಹೊಕ್ಕುವುದು ಈ 37ರ ವೇಷ ತೊಟ್ಟೇ. ಆ ವೇಷ ಹಾಕಿಸುವ ಲೆಕ್ಕಾಚಾರಕ್ಕೆ ಪ್ಯೂನಿಕೋಡ್ ಎಂದು ಹೆಸರು. ಅದು 2003ರಲ್ಲಿ ಮಾನಕವಾಯಿತು. ನಿಮ್ಮ ಮಾವಿನ ಹಣ್ಣು ಈ ಲೆಕ್ಕಾಚಾರಕ್ಕೆ ಒಳಗಾದ ಮೇಲೆ ‘ಎಕ್ಸ್, ಎನ್, ಎರಡು ಕಿರುಗೆರೆ, ಜಿ, ಎಸ್, 9, ಎಚ್’ ಎಂಬ ಸಾಲಾಗಿ ಹೊರಬರುತ್ತದೆ. ನೀವು ಹಣ ಕೊಟ್ಟು ನೋಂದಾಯಿಸುವುದು ವಾಸ್ತವವಾಗಿ ಈ ಸಾಲನ್ನು. ಹಣ್ಣು ಕಾಣಿಸಬೇಕೋ ಸಾಲು ಕಾಣಿಸಬೇಕೋ ಎಂಬುದು ನೋಡುವವರ ಬ್ರೌಸರಿನ ಮರ್ಜಿ. ಆಪಲ್ ಕಂಪನಿಯ ಸಫಾರಿ ಚಿತ್ರವನ್ನೇ ತೋರಿಸುತ್ತದೆ. ನಮ್ಮಲ್ಲಿ ಹೆಚ್ಚಿನ ಫೋನುಗಳಲ್ಲಿರುವ ಕ್ರೋಮ್ ಆ ಅರ್ಥವಾಗದ ಸಾಲನ್ನು ಮುಂದಿಡುತ್ತದೆ. ಬಾಯಲ್ಲಿ ನೀರೂರಿಸಬೇಕೆಂದು ಕೊಂಡ ವಿಳಾಸ ಗಿರಾಕಿಯ ಫೋನಿನಲ್ಲಿ ವಾಹನದ ನೋಂದಣಿ ಸಂಖ್ಯೆಯಂತೆ ಕಂಡರೆ ಕೊಂಡ ಉದ್ದೇಶವೇ ಅರ್ಧ ಸೋತಂತೆ.

ಡಾಟ್ ಕಾಮ್‌ನಲ್ಲಿ ಏಕೆ ಸಿಗುವುದಿಲ್ಲ ಎಂಬುದರ ಹಿಂದೆ ಒಂದು ಸ್ವಾರಸ್ಯವಿದೆ. ಹಳೆಯ ನಿಯಮಾವಳಿ ಚಿಹ್ನೆಗಳ ಬಗ್ಗೆ ಸಡಿಲವಾಗಿತ್ತು. ಹಾಗಾಗಿಯೇ 2001ರಷ್ಟು ಹಿಂದೆ ಬಿಸಿನೀರಿನ ಬುಗ್ಗೆಯ ಚಿಹ್ನೆ ಮತ್ತು ಶಾಂತಿಯ ಚಿಹ್ನೆಗಳನ್ನು ಡಾಟ್ ಕಾಮ್ ಅಡಿಯಲ್ಲಿ ನೋಂದಾಯಿಸಿಕೊಂಡವರಿದ್ದರು. 2010ರ ಆಗಸ್ಟ್‌ನಲ್ಲಿ ಪ್ರಕಟವಾದ ಹೊಸ ನಿಯಮಾವಳಿ, ಹೆಸರಿನಲ್ಲಿ ಭಾಷೆಗಳ ಅಕ್ಷರ ಮತ್ತು ಅಂಕಿಗಳಿರಬೇಕೇ ಹೊರತು ಚಿತ್ರ, ಚಿಹ್ನೆಗಳಲ್ಲ ಎಂದು ಗೆರೆ ಎಳೆಯಿತು. ಜಪಾನಿನ ಮೊಬೈಲ್ ಫೋನುಗಳಲ್ಲಿ ಬೆಳೆದ ನೂರಾರು ಎಮೋಜಿಗಳು ಯೂನಿಕೋಡಿಗೆ, ಅಂದರೆ ಜಗತ್ತಿನ ಅಕ್ಷರ, ಚಿಹ್ನೆಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಮಾನಕಕ್ಕೆ, ಸೇರಿದ್ದು ಅದಾಗಿ ಎರಡು ತಿಂಗಳಿಗೆ, ಅದೇ ವರ್ಷದ ಅಕ್ಟೋಬರಿನಲ್ಲಿ. ಎಮೋಜಿಗಳನ್ನು ಹೊರಗಿಡಲೆಂದೇ ಯಾರೂ ಕದ ಹಾಕಲಿಲ್ಲ. ಅವು ಬಂದು ತಟ್ಟುವ ಹೊತ್ತಿಗೆ ಕದ ಹಾಕಿಯಾಗಿತ್ತು. ಡೊಮೇನ್ ಹೆಸರುಗಳ, ಅಂದರೆ ಇಂಥ ಜಾಲವಿಳಾಸಗಳ, ಜಾಗತಿಕ ಉಸ್ತುವಾರಿ ಹೊತ್ತ ಐಕ್ಯಾನ್ ಸಂಸ್ಥೆಯ ಭದ್ರತಾ ಸಲಹಾ ಸಮಿತಿಯು 2017ರ ಮೇ ತಿಂಗಳಿನಲ್ಲಿ ಈ ಕದವನ್ನು ತೆರೆಯಬಾರದೆಂದು ಕಾರಣಸಹಿತವಾಗಿ ಸಲಹೆ ನೀಡಿತು.

ಆದರೆ ಎರಡಕ್ಷರದ ದೇಶಸೂಚಕ ಡೊಮೇನ್‌ಗಳ ವಿಷಯದಲ್ಲಿ ಐಕ್ಯಾನ್ ಸಲಹೆ ಕೊಡಬಹುದೇ ಹೊರತು ಆಜ್ಞೆ ಮಾಡುವಂತಿಲ್ಲ. ಸಮೋವಾದ ಡಾಟ್ ಡಬ್ಲ್ಯೂಎಸ್, ಟೋಂಗಾದ ಡಾಟ್ ಟಿಒ, ಮೈಕ್ರೊನೇಷ್ಯಾದ ಡಾಟ್ ಎಫ್‌ಎಂ ಮೊದಲಾದ ಕೆಲವು ಕಡೆ ಎಮೋಜಿ ಹೆಸರುಗಳು ಮಾರಾಟಕ್ಕೆ ದೊರೆಯುವುದು ಈ ಸ್ವಾತಂತ್ರ್ಯದಿಂದಲೇ. ನಿಮ್ಮ ಮಗ ಕಂಡದ್ದೂ ಇಂಥದ್ದೇ ಯಾವುದೋ ಇರಬೇಕು. ಸಿಕ್ಕರೂ ಒಂಟಿ ಎಮೋಜಿ ಅಗ್ಗವಾಗಿ ಸಿಕ್ಕೀತೆಂದು ನಂಬಬೇಡಿ. ಡೊಮೇನ್ ವ್ಯಾಪಾರಿಗಳ ಕಣ್ಣು ಅವುಗಳ ಮೇಲೆ ಬಿದ್ದು ಬಹಳ ಕಾಲವಾಯಿತು.

ಈ ವಿಳಾಸಗಳಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2011ರಲ್ಲಿ ಅಮೆರಿಕದ ಪ್ಯಾನಿಕ್ ಎಂಬ ತಂತ್ರಾಂಶ ಕಂಪನಿ ನಗುವ ಸಗಣಿಯ ಎಮೋಜಿಯನ್ನು ಲಾವೋಸ್ ದೇಶದ ಡಾಟ್ ಎಲ್‌ಎ ಅಡಿಯಲ್ಲಿ ನೋಂದಾಯಿಸಿ ತಮಾಷೆ ಮಾಡಿತ್ತು. ಜನ ಅದನ್ನು ಇಂದಿಗೂ ನೆನೆಯುತ್ತಾರೆ. 2015ರಲ್ಲಿ ಕೋಕಾ ಕೋಲಾ ಪೋರ್ಟೊ ರಿಕೊದಲ್ಲಿ ನಗುಮುಖದ ಎಮೋಜಿಗಳಿಗೆ ಡಾಟ್ ಡಬ್ಲ್ಯೂಎಸ್ ಜೋಡಿಸಿ ಜಾಹೀರಾತು ನಡೆಸಿತು. ಎರಡರಲ್ಲೂ ಗಮನಿಸಬೇಕಾದ ಸಂಗತಿ ಒಂದೇ: ಅವರ ವ್ಯವಹಾರ ಆ ವಿಳಾಸವನ್ನು ನೆಚ್ಚಿಕೊಂಡಿರಲಿಲ್ಲ. ಅದು ಕೆಲಸ ಮಾಡದ ಫೋನಿದ್ದರೂ ಕಂಪನಿಗೆ ನಷ್ಟವಿರಲಿಲ್ಲ. ನಿಮಗೆ ಹಾಗಲ್ಲ, ಸುಗ್ಗಿಯ ಆರೆಂಟು ವಾರಗಳಲ್ಲಿ ತಪ್ಪಿಹೋದ ಗಿರಾಕಿ ಮುಂದಿನ ಬೇಸಿಗೆಗೇ ಸಿಗುವುದು.

ತಪ್ಪಿಹೋಗುವ ದಾರಿಗಳು ಅನೇಕ. ಮಾವಿನ ಎಮೋಜಿ ಯೂನಿಕೋಡಿಗೆ ಬಂದದ್ದೇ 2018ರಲ್ಲಿ. ಅದಕ್ಕಿಂತ ಹಳೆಯ ತಂತ್ರಾಂಶವಿರುವ ಫೋನಿನಲ್ಲಿ ಅಲ್ಲಿ ಖಾಲಿ ಚೌಕ ಕಾಣುತ್ತದೆ. ಪೆಟ್ಟಿಗೆಯ ಮೇಲೆ ಚಿಕ್ಕದಾಗಿ ಅಚ್ಚಾದಾಗ ಮಾವಿಗೂ ಪೀಚ್ ಹಣ್ಣಿನ ಎಮೋಜಿಗೂ ವ್ಯತ್ಯಾಸ ತಿಳಿಯುವುದು ಕಷ್ಟ, ಆದರೆ ವಿಳಾಸ ಬೇರೆ, ಅಲ್ಲಿರುವ ಮಾಲೀಕರೂ ಬೇರೆ. ಇನ್ನು ಬಾಯಿಮಾತಿನ ವಿಷಯ. ಒಮ್ಮೆ ನಾನು ಗೆಳೆಯರೊಬ್ಬರಿಗೆ ಇಂಥದೊಂದು ವಿಳಾಸವನ್ನು ಫೋನಿನಲ್ಲಿ ಹೇಳಲು ಹೊರಟೆ. ‘ಐ ಅಕ್ಷರ, ಆಮೇಲೆ ಹೃದಯದ ಚಿತ್ರ’ ಎಂದೆ. ‘ಯಾವ ಹೃದಯ? ಇಲ್ಲಿ ಒಂದು ಸಾಲೇ ಇದೆ’ ಎಂದರು. ‘ಕೆಂಪಿನದು’ ಎಂದೆ. ‘ಕೆಂಪಿನದೇ ಎರಡಿವೆಯಲ್ಲ!’ ಎಂದರು. ಅವರ ಮಾತು ಸರಿಯಾಗಿತ್ತು: ಇಸ್ಪೀಟಿನ ಆಟೀನು ಮತ್ತು ಸಾಮಾನ್ಯ ಹೃದಯ ಎರಡೂ ಪರದೆಯ ಮೇಲೆ ಕೆಂಪಾಗಿಯೇ ಕಾಣುತ್ತವೆ, ಯೂನಿಕೋಡಿನಲ್ಲಿ ಮಾತ್ರ ಬೇರೆ ಬೇರೆ. (ಆ ಕೆಂಪು ಹೃದಯದ ಅಧಿಕೃತ ಹೆಸರಿನಲ್ಲಿ ‘ಕಪ್ಪು’ ಎಂದಿದೆ, ಅಲ್ಲಿ ಕಪ್ಪು ಎಂದರೆ ಒಳಗೆ ತುಂಬಿದ್ದು ಎಂದಷ್ಟೇ ಅರ್ಥ.) ಕೊನೆಗೆ ಎಕ್ಸ್, ಎನ್, ಎರಡು ಕಿರುಗೆರೆ ಎಂದು ಪ್ಯೂನಿಕೋಡ್ ಸಾಲನ್ನೇ ಬರೆಸಬೇಕಾಯಿತು.

ಮಿಂಚಂಚೆಗಂತೂ ಇದನ್ನು ಬಳಸಲೇಬೇಡಿ. ಬ್ಯಾಂಕು, ಸಾಗಣೆ ಕಂಪನಿ, ತೆರಿಗೆ ಇಲಾಖೆಗಳ ಅರ್ಜಿ ನಮೂನೆಗಳು ಇಂಗ್ಲಿಷ್ ಅಕ್ಷರಗಳನ್ನಷ್ಟೇ ನಿರೀಕ್ಷಿಸಿ ಬರೆದವು. ಅಲ್ಲಿ ಎಮೋಜಿ ಕಂಡರೆ ‘ವಿಳಾಸ ಸರಿಯಿಲ್ಲ’ ಎಂಬ ಕೆಂಪು ಸಾಲು ಬರುವುದೇ ಹೆಚ್ಚು.

ದೂರದೇಶದ ಡೊಮೇನ್‌ಗಳಿಗೆ ಇನ್ನೊಂದು ಅಪಾಯವಿದೆ, ಅದನ್ನು ಮಾರುವವರು ಹೇಳುವುದಿಲ್ಲ. ಫ್ರೀನಾಮ್ ಎಂಬ ಕಂಪನಿ ಗಬಾನ್, ಮಾಲಿ ಮೊದಲಾದ ದೇಶಗಳ ಹೆಸರುಗಳನ್ನು ಪುಕ್ಕಟೆಯಾಗಿ ಹಂಚುತ್ತಿದ್ದ ಕಾಲದಲ್ಲಿ ಎಮೋಜಿ ವಿಳಾಸಗಳನ್ನು ಅಲ್ಲಿಂದಲೇ ಪಡೆದವರಿದ್ದರು. 2023ರಲ್ಲಿ ಗಬಾನ್ ತನ್ನ ಡೊಮೇನನ್ನು ಹಿಂದಕ್ಕೆ ಪಡೆದು ಲಕ್ಷಾಂತರ ಹೆಸರುಗಳನ್ನು ಅಳಿಸಿಹಾಕಿತು. ಅದೇ ವರ್ಷ ಮಾಲಿಯೊಂದಿಗಿನ ಒಪ್ಪಂದವೂ ಮುಗಿಯಿತು. ಹಣ ಕೊಟ್ಟು ಕೊಂಡ ಸಮೋವಾ, ಟೋಂಗಾದ ಹೆಸರುಗಳಿಗೂ ಇದೇ ಗತಿ ಬರುತ್ತದೆಂದು ಹೇಳಲಾಗದು. ಆದರೂ ನಿಮ್ಮ ಅಂಗಡಿಯ ಹೆಸರು ನೀವು ಕಾಣದ ದ್ವೀಪದ ನೀತಿಯೊಂದಕ್ಕೆ ಕಟ್ಟುಬಿದ್ದಿರುತ್ತದೆ ಎಂಬುದು ನೆನಪಿರಲಿ.

ಹಾಗಾದರೆ ಮಗನಿಗೆ ಏನು ಹೇಳುವುದು? ತೋಟದ ಹೆಸರಿನಲ್ಲಿ ಸಾದಾ ಡಾಟ್ ಇನ್ ವಿಳಾಸವೊಂದನ್ನು ಕೊಳ್ಳಿ. ಒಮ್ಮೆ ಅದು ನಿಮ್ಮದಾದ ಮೇಲೆ ಅದರ ಎಡಕ್ಕೆ ಚುಕ್ಕಿಯಿಟ್ಟು ಯಾವ ಉಪಹೆಸರನ್ನು ಸೇರಿಸಿದರೂ ನೋಂದಣಿ ಸಂಸ್ಥೆ ಕೇಳುವುದಿಲ್ಲ. ಆ ಜಾಗದಲ್ಲಿ ಮಾವಿನ ಎಮೋಜಿಯ ಪ್ಯೂನಿಕೋಡ್ ಸಾಲನ್ನು ಇಟ್ಟು, ಅಲ್ಲಿಗೆ ಬಂದವರನ್ನು ಮುಖ್ಯ ತಾಣಕ್ಕೆ ಕಳುಹಿಸುವಂತೆ ಮಾಡಬಹುದು. ಹೆಚ್ಚುವರಿ ಖರ್ಚಿಲ್ಲದೆ ಮಗನ ಆಸೆಯೂ ತೀರುತ್ತದೆ. ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ ನೀಡುವವರು ಅಂಥ ಉಪಹೆಸರನ್ನು ಒಪ್ಪುತ್ತಾರೆಯೇ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಪೆಟ್ಟಿಗೆಯ ಮೇಲೆ ಕ್ಯೂಆರ್ ಸಂಕೇತ ಅಚ್ಚು ಹಾಕಿಸುವುದಾದರಂತೂ ವಿಳಾಸವನ್ನು ಯಾರೂ ಬೆರಳಚ್ಚಿಸುವುದೇ ಇಲ್ಲ. ಪಕ್ಕದಲ್ಲಿ ಎಷ್ಟು ದೊಡ್ಡ ಮಾವಿನ ಚಿತ್ರವನ್ನಾದರೂ ಬರೆಸಿ, ಅದಕ್ಕೆ ನೋಂದಣಿಯೂ ಬೇಡ, ನವೀಕರಣವೂ ಬೇಡ.

ಪ್ರಶ್ನೆ: ಕೈಮುಗಿದ ಎಮೋಜಿ ಇರುವ ವಿಳಾಸವೊಂದು ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿತ್ತು. ದೇವಸ್ಥಾನದ ಸೇವೆಗೆ ಹಣ ಕಟ್ಟುವ ಲಿಂಕ್ ಎಂದಿದ್ದರು. ಇಂಥವನ್ನು ನಂಬಬಹುದೇ?

ಉತ್ತರ: ಹಣ ಕೇಳುವ ವಿಳಾಸದಲ್ಲಿ ಎಮೋಜಿ ಕಂಡರೆ ಒತ್ತಬೇಡಿ. ಎಮೋಜಿ ಇದ್ದ ಮಾತ್ರಕ್ಕೆ ಮೋಸವೆಂದಲ್ಲ. ಆದರೆ ಅದು ಅಸಲಿ ವಿಳಾಸವೋ ನಕಲಿಯೋ ಎಂದು ಕಣ್ಣಿನಿಂದ ಅಳೆಯುವ ದಾರಿಯೇ ನಿಮಗಿಲ್ಲ. ಕೈಮುಗಿದ ಎಮೋಜಿಯನ್ನೇ ತೆಗೆದುಕೊಳ್ಳಿ. 2015ರಿಂದ ಅದಕ್ಕೆ ಐದು ಮೈಬಣ್ಣಗಳಿವೆ, ಮೊದಲಿನ ಹಳದಿಯೂ ಸೇರಿ ಆರು. ನಮ್ಮ ಕಣ್ಣಿಗೆ ಆರೂ ಒಂದೇ ನಮಸ್ಕಾರ. ಡೊಮೇನ್ ವ್ಯವಸ್ಥೆಗೆ ಅವು ಆರು ಬೇರೆ ಹೆಸರುಗಳು, ಆರು ಜನ ಬೇರೆಯವರು ಕೊಳ್ಳಬಹುದಾದಂಥವು. ನಿಮ್ಮ ಕೀಲಿಮಣೆ ಹಿಂದೊಮ್ಮೆ ಆರಿಸಿದ ಮೈಬಣ್ಣವನ್ನು ನೆನಪಿಟ್ಟುಕೊಂಡು ತಾನಾಗಿಯೇ ಹಾಕಿದರೆ, ಸರಿಯಾದ ವಿಳಾಸವನ್ನು ಬರೆಯುತ್ತಿದ್ದೇನೆ ಎಂದುಕೊಂಡೇ ನೀವು ಬೇರೆಯವರ ಮನೆಯ ಕದ ತಟ್ಟಿರುತ್ತೀರಿ.

ಕುಟುಂಬದ ಎಮೋಜಿಯದು ಇನ್ನೂ ಗೋಜಲು. ಅಪ್ಪ, ಅಮ್ಮ, ಮಗಳು ಎಂಬ ಮೂರು ಚಿತ್ರಗಳನ್ನು ಕಾಣದ ಅಂಟಿನಂಥ ಒಂದು ಸಂಕೇತ ಹಿಡಿದು ಒಂದೇ ಚಿತ್ರವಾಗಿಸಿರುತ್ತದೆ. ಹಳೆಯ ನಿಯಮ ಪಾಲಿಸುವ ತಂತ್ರಾಂಶ ಆ ಅಂಟನ್ನು ಉದುರಿಸಿ ಮೂವರನ್ನು ಬಿಡಿಬಿಡಿಯಾಗಿ ಓದುತ್ತದೆ. ಹೊಸ ನಿಯಮದವು ಇಡೀ ಹೆಸರೇ ಅಮಾನ್ಯ ಎನ್ನುತ್ತವೆ.

ಅಕ್ಷರಗಳಲ್ಲೂ ಇಂಥ ಮೋಸ ನಡೆಯದೆ ಇಲ್ಲ. 2017ರ ಏಪ್ರಿಲ್‌ನಲ್ಲಿ ಭದ್ರತಾ ಸಂಶೋಧಕರೊಬ್ಬರು ರಷ್ಯನ್ ಮೊದಲಾದ ಭಾಷೆಗಳ ಸಿರಿಲಿಕ್ ಅಕ್ಷರಗಳನ್ನಷ್ಟೇ ಬಳಸಿ, ಆಪಲ್ ಕಂಪನಿಯದೇ ಎನ್ನುವಂತೆ ಕಾಣುವ ವಿಳಾಸವನ್ನು ಸಿದ್ಧಪಡಿಸಿ ತೋರಿಸಿದರು. ಇಂಥ ಹೆಸರುಗಳನ್ನು ಕ್ರೋಮ್ ಪ್ಯೂನಿಕೋಡ್ ಸಾಲಿನಲ್ಲೇ ತೋರಿಸುವುದು ಒರಟುತನವಲ್ಲ, ಎಚ್ಚರಿಕೆ. ವಿಳಾಸಪಟ್ಟಿಯಲ್ಲಿ ಎಕ್ಸ್, ಎನ್, ಎರಡು ಕಿರುಗೆರೆಯಿಂದ ಆರಂಭವಾಗುವ ತುಣುಕು ಕಂಡರೆ, ಅಲ್ಲಿ ಇಂಗ್ಲಿಷ್ ಅಲ್ಲದ ಏನೋ ವೇಷ ತೊಟ್ಟಿದೆ ಎಂದು ತಿಳಿಯಿರಿ. ದೇವಸ್ಥಾನದ ಸೇವೆಗೆ ಕಚೇರಿಗೆ ಕರೆ ಮಾಡಿ ವಿಚಾರಿಸಿಯೇ ಹಣ ಕಟ್ಟಿ.

ಪ್ರಶ್ನೆ: ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರ ನಡೆಸುತ್ತೇನೆ. ಎಮೋಜಿಯ ಗೊಡವೆಯೇ ಬೇಡ, ಕನ್ನಡದಲ್ಲೇ ವಿಳಾಸ ಇರಲಿ ಎಂದು ಡಾಟ್ ಭಾರತ ಅಡಿಯಲ್ಲಿ ಹೆಸರು ಹುಡುಕಿದೆ. ಕೇಂದ್ರದ ಹೆಸರಿನಲ್ಲಿ ‘ರ‍್ಯಾಂಕ್’ ಎಂಬ ಪದವಿದೆ. ಅದನ್ನು ಹಾಕಿದರೆ ‘ರ್ಯಾಂಕ್’ ಎಂದು ಅರ್ಕಾವೊತ್ತಿನೊಂದಿಗೆ ಬರುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ತೊಂದರೆಗೂ ಮೇಲೆ ಹೇಳಿದ ಕುಟುಂಬದ ಎಮೋಜಿಗೂ ನೇರ ಸಂಬಂಧವಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಅಲ್ಲಿ ಅಪ್ಪ, ಅಮ್ಮ, ಮಗಳನ್ನು ಹಿಡಿದಿಟ್ಟ ಅದೇ ಕಾಣದ ಅಂಟು ಕನ್ನಡದ ‘ರ‍್ಯಾ’ದಲ್ಲೂ ಇದೆ. ರ, ಹಲಂತ, ಯ ಎಂದು ಬರೆದರೆ ಯೂನಿಕೋಡ್ ಅದನ್ನು ‘ಸೂರ್ಯ’, ‘ಕಾರ್ಯ’ಗಳಲ್ಲಿರುವಂತೆ ಅರ್ಕಾವೊತ್ತಾಗಿ ತೋರಿಸುತ್ತದೆ. ರ ಪೂರ್ಣವಾಗಿ ನಿಂತು ಯ ಒತ್ತಾಗಿ ಕೆಳಗೆ ಬರಬೇಕಾದರೆ ರ ಮತ್ತು ಹಲಂತದ ನಡುವೆ ಆ ಅಂಟು ಬೇಕು. ಡೊಮೇನ್ ನಿಯಮವಾದರೋ ಅಂಟನ್ನು ಹಲಂತದ ನಂತರ ಬಂದರೆ ಮಾತ್ರ ಮನ್ನಿಸುತ್ತದೆ. ಕನ್ನಡದಲ್ಲಿ ಅದು ಹಲಂತಕ್ಕೆ ಮೊದಲೇ ಬರುವುದರಿಂದ ನಿಯಮಕ್ಕೆ ಒಗ್ಗುವುದಿಲ್ಲ. ಎಮೋಜಿ ಚಿಹ್ನೆಯಾದ್ದರಿಂದ ಅದನ್ನು ಹೊರಗಿಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಕನ್ನಡಿಗರು ದಿನವೂ ಬರೆಯುವ ರೂಪವೊಂದು ಅದೇ ಜರಡಿಯಲ್ಲಿ ಸಿಕ್ಕಿಹಾಕಿಕೊಂಡಿರುವುದು ಸರಿಯಲ್ಲ.

ಆದ್ದರಿಂದ ನೀವು ಕೊಂಡ ಹೆಸರು ಅರ್ಕಾವೊತ್ತಿನಲ್ಲೇ ಇರುತ್ತದೆ. ಅಂಟನ್ನು ಸೇರಿಸಿ ಸರಿಯಾಗಿ ಬೆರಳಚ್ಚಿಸುವ ವಿದ್ಯಾರ್ಥಿಗಳಿಗೆ ಕೆಲವು ತಂತ್ರಾಂಶಗಳು ಅದನ್ನು ಉದುರಿಸಿ ದಾರಿ ಬಿಡಬಹುದು, ಕೆಲವು ತಡೆಯಬಹುದು. ಆ ಪದವನ್ನು ಬಿಟ್ಟು, ಒತ್ತಕ್ಷರದ ಗೊಂದಲವಿಲ್ಲದ ಕನ್ನಡ ಹೆಸರನ್ನೇ ಆರಿಸಿಕೊಳ್ಳುವುದು ಮೇಲು. ಜೊತೆಗೆ ಇಂಗ್ಲಿಷ್ ಅಕ್ಷರದ ವಿಳಾಸವೊಂದು ಇರಲಿ.

ಇನ್ನೊಂದು ಸೂಚನೆ. ವಿಳಾಸದಲ್ಲಿ ಓರೆಗೆರೆಯ ನಂತರ ಬರುವ ಪುಟದ ಹೆಸರನ್ನು ಪ್ಯೂನಿಕೋಡ್ ಮುಟ್ಟುವುದಿಲ್ಲ. ಅಲ್ಲಿ ಬೇರೆಯದೇ ಸಂಕೇತಪದ್ಧತಿಯಿದೆ. ಅದರ ಪ್ರಕಾರ ಮಾವಿನ ಎಮೋಜಿ 12 ಚಿಹ್ನೆಗಳಾಗಿ ಬಿಚ್ಚಿಕೊಂಡರೆ ‘ಮಾವು’ ಎಂಬ ಪದ 36 ಚಿಹ್ನೆಗಳಾಗುತ್ತದೆ, ಏಕೆಂದರೆ ಮ, ಅದರ ದೀರ್ಘ, ವ, ಅದರ ಕೊಂಬು ಪ್ರತಿಯೊಂದಕ್ಕೂ ಒಂಬತ್ತೊಂಬತ್ತು ಬೇಕು. ನಿಮ್ಮ ಪಾಠಗಳ ಪುಟಕ್ಕೆ ಉದ್ದನೆಯ ಕನ್ನಡ ಶೀರ್ಷಿಕೆಯನ್ನೇ ವಿಳಾಸವಾಗಿಸಿದರೆ, ವಿದ್ಯಾರ್ಥಿಗಳು ಅದನ್ನು ನಕಲಿಸಿ ಕಳುಹಿಸಿದಾಗ ನಾಲ್ಕೈದು ಸಾಲು ತುಂಬುವ ಶೇಕಡಾ ಚಿಹ್ನೆಗಳ ರಾಶಿ ಬರುವುದು ಈ ಕಾರಣಕ್ಕೆ. ಪುಟದ ಹೆಸರನ್ನು ಒಂದೆರಡು ಪದಕ್ಕೆ ನಿಲ್ಲಿಸಿ.