ಓದುಗರ ಪ್ರಶ್ನೆ: ಜೋಡಿ ಡಿಸ್ಕ್‌ನಲ್ಲಿ ಒಂದು ಕೈಕೊಟ್ಟಾಗ

ಪ್ರಶ್ನೆ: ಲಿನಕ್ಸ್ ಯಂತ್ರದಲ್ಲಿ 4 ಟೆರಾಬೈಟ್‌ನ ಎರಡು ಹಾರ್ಡ್‌ಡಿಸ್ಕ್ ಸೇರಿಸಿ ರೇಡ್ 1 (ಎರಡರಲ್ಲೂ ಒಂದೇ ದತ್ತಾಂಶದ ಪ್ರತಿ ಇಡುವ ಜೋಡಿ) ಮಾಡಿದ್ದೇನೆ. ಜೋಡಿಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಕಡತದಲ್ಲಿ ಮೊದಲು ಎರಡು ‘ಯು’ ಕಾಣುತ್ತಿತ್ತು, ಈಗ ಒಂದರ ಜಾಗದಲ್ಲಿ ಅಡಿಗೆರೆ ಬಂದಿದೆ. ಕಂಪ್ಯೂಟರ್ ಮಾತ್ರ ಎಂದಿನಂತೆ ಓಡುತ್ತಿದೆ. ಮುಂದೇನು?

ಉತ್ತರ: ಅಡಿಗೆರೆ ಬಂತೆಂದರೆ ಜೋಡಿಯಿಂದ ಒಂದು ಡಿಸ್ಕ್ ಹೊರಬಿದ್ದಿದೆ. ಮೊದಲ ಕೆಲಸ ರಿಪೇರಿಯಲ್ಲ, ಬ್ಯಾಕಪ್. ಹೊಸ ಡಿಸ್ಕ್‌ಗೆ ನಕಲು ಮಾಡುವಾಗ ಉಳಿದಿರುವ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದಬೇಕಾಗುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯಲ್ಲಿ ಕೆಟ್ಟ ಸೆಕ್ಟರ್ (ದತ್ತಾಂಶ ಇಡುವ ಪುಟ್ಟ ತುಣುಕು) ಇದ್ದರೆ ಬಯಲಾಗುವುದು ಆಗಲೇ.

ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಓಡಿಸಿ ಎರಡೂ ಡಿಸ್ಕ್‌ಗಳ ಅಂಕಿಗಳನ್ನು ನೋಡಿ. 5, 197, 198 ಎಂಬ ಗುರುತುಸಂಖ್ಯೆಯ ಸಾಲುಗಳ ಕಚ್ಚಾ ಮೌಲ್ಯ ಏರುತ್ತಿದ್ದರೆ ಡಿಸ್ಕ್‌ನ ಮೇಲ್ಮೈಯೇ ಕೆಡುತ್ತಿದೆ. ಅವು ಸೊನ್ನೆಯಾಗಿದ್ದು 199 ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ತಪ್ಪು ಸಾಟಾ ಕೇಬಲ್‌ನದು. ಕೇಬಲ್ ಬದಲಿಸಿ, ರೇಡ್ ನಿಭಾಯಿಸುವ ಆದೇಶವಾದ ಎಂಡಿಎಡಿಎಂನ ‘ರೀ-ಆ್ಯಡ್’ ಆಯ್ಕೆಯಿಂದ ಅದೇ ಡಿಸ್ಕನ್ನು ಮತ್ತೆ ಸೇರಿಸಿ. ರೈಟ್-ಇಂಟೆಂಟ್ ಬಿಟ್‌ಮ್ಯಾಪ್ (ಯಾವ ಭಾಗ ಬದಲಾಗಿದೆ ಎಂಬ ದಾಖಲೆ) ಇದ್ದರೆ ನಡುವೆ ಬದಲಾದ ಭಾಗವಷ್ಟೇ ನಕಲಾಗುತ್ತದೆ, ಕೆಲಸ ಬೇಗ ಮುಗಿಯುತ್ತದೆ.

ಡಿಸ್ಕೇ ಹಾಳಾಗಿದ್ದರೆ ಬಿಚ್ಚುವಾಗ ಜೋಪಾನ. ಸರಿಯಿರುವುದನ್ನು ಕಿತ್ತು, ಕೆಟ್ಟದ್ದನ್ನು ಒಳಗೇ ಬಿಡುವ ಎಡವಟ್ಟು ಬಹಳ ಸುಲಭ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ‘ಎಸ್‌ಡಿಎ’, ‘ಎಸ್‌ಡಿಬಿ’ ಹೆಸರುಗಳನ್ನು ನಂಬಬೇಡಿ, ಮರುಬೂಟ್ ಆದಾಗ ಅವು ಅದಲುಬದಲಾಗಬಹುದು. ಸೀರಿಯಲ್ ಸಂಖ್ಯೆಯೇ ಗುರುತು. ಕೆಟ್ಟ ಡಿಸ್ಕ್ ಸಂಖ್ಯೆ ಹೇಳುವ ಸ್ಥಿತಿಯಲ್ಲೂ ಇಲ್ಲವೇ? ಬದುಕಿರುವುದು ಹೇಳುತ್ತದೆ. ಅದನ್ನು ಬರೆದುಕೊಂಡು, ಆ ಸಂಖ್ಯೆ ಇಲ್ಲದ ಡಿಸ್ಕನ್ನು ತೆಗೆಯಿರಿ.

ಕ್ರಮ ಹೀಗೆ: ಎಂಡಿಎಡಿಎಂನಲ್ಲಿ ‘ಫೇಲ್’, ‘ರಿಮೂವ್’, ಯಂತ್ರ ಆರಿಸಿ ಡಿಸ್ಕ್ ಬದಲಿ, ಎಸ್‌ಜಿಡಿಸ್ಕ್‌ನಿಂದ ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಪಟ್ಟಿಯ ನಕಲು, ಕೊನೆಗೆ ಎಂಡಿಎಡಿಎಂನ ‘ಆ್ಯಡ್’. ನಕಲಿನ ಆದೇಶವನ್ನು ಎರಡು ಸಲ ಓದಿ. ದೊಡ್ಡಕ್ಷರದ ‘ಆರ್’ ಆಯ್ಕೆಗೆ ಅಂಟಿಕೊಂಡು ಬರುವುದು ಹೊಸ ಡಿಸ್ಕ್‌ನ ಹೆಸರು. ಹಿಂದುಮುಂದಾದರೆ ಖಾಲಿ ಪಟ್ಟಿ ಹೋಗಿ ಒಳ್ಳೆಯ ಡಿಸ್ಕ್ ಮೇಲೆ ಕೂರುತ್ತದೆ. ನಕಲಾದ ಮೇಲೆ ದೊಡ್ಡಕ್ಷರದ ‘ಜಿ’ ಆಯ್ಕೆ ಕೊಟ್ಟು ಹೊಸ ಡಿಸ್ಕ್‌ನ ಗುರುತುಸಂಖ್ಯೆಗಳನ್ನು ಬದಲಿಸಿ. ಸೆಕೆಂಡಿಗೆ ಸರಾಸರಿ 150 ಮೆಗಾಬೈಟ್ ವೇಗ ಸಿಕ್ಕರೆ 4 ಟೆರಾಬೈಟ್‌ಗೆ ಏಳೂವರೆ ಗಂಟೆ ಹಿಡಿಯುತ್ತದೆ. ಯಂತ್ರಕ್ಕೆ ಬೇರೆ ಕೆಲಸ ಕೊಟ್ಟರೆ ಇನ್ನೂ ತಡ.

ಡಿಸ್ಕ್ ಪೂರ್ತಿ ಸತ್ತಿಲ್ಲ, ಕುಂಟುತ್ತಿದೆ ಅಷ್ಟೇ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ಒಂದು ಸಾಟಾ ಪೋರ್ಟ್ ಖಾಲಿಯಿದ್ದರೆ ಹಳೆಯದನ್ನು ತೆಗೆಯದೆಯೇ ಹೊಸದನ್ನು ‘ಆ್ಯಡ್’ ಮಾಡಿ, ‘ಗ್ರೋ’ ಆಯ್ಕೆಯಲ್ಲಿ ಡಿಸ್ಕ್‌ಗಳ ಸಂಖ್ಯೆಯನ್ನು 3 ಮಾಡಿ. ನಕಲು ಮುಗಿದ ಮೇಲೆ ಕುಂಟುವುದನ್ನು ತೆಗೆದು ಸಂಖ್ಯೆಯನ್ನು ಮತ್ತೆ 2ಕ್ಕೆ ಇಳಿಸಿ. ನಕಲಿನ ಹೊತ್ತಿನಲ್ಲಿ ಒಂದು ಡಿಸ್ಕ್‌ನ ಸೆಕ್ಟರ್ ಓದಲಾಗದಿದ್ದರೂ ಇನ್ನೊಂದರಲ್ಲಿ ಅದೇ ದತ್ತಾಂಶ ಸಿಗುತ್ತದೆ.

ಪ್ರಶ್ನೆ: ಹೊಸ ಡಿಸ್ಕ್ ಕೂಡ 4 ಟೆರಾಬೈಟ್‌ನದೇ. ಆದರೂ ‘ಸಣ್ಣದು’ ಎಂದು ತಿರಸ್ಕರಿಸುತ್ತಿದೆ!

ಉತ್ತರ: ಪೆಟ್ಟಿಗೆಯ ಮೇಲಿನ ಅಂಕಿ ಒಂದೇ ಇದ್ದರೂ ಸೆಕ್ಟರ್‌ಗಳ ಸಂಖ್ಯೆ ಒಂದೇ ಇರಬೇಕೆಂದಿಲ್ಲ, ಒಂದು ಸೆಕ್ಟರ್ ಕಡಿಮೆಯಾದರೂ ಜೋಡಿ ಒಪ್ಪುವುದಿಲ್ಲ. ಈಗ ತುಸು ದೊಡ್ಡದನ್ನು ತನ್ನಿ. ಮುಂದೆ ಜೋಡಿ ಕಟ್ಟುವಾಗ ಪಾರ್ಟಿಷನ್ ಆದ ಮೇಲೆ ಡಿಸ್ಕ್‌ನ ಕೊನೆಯಲ್ಲಿ 100 ಮೆಗಾಬೈಟ್ ಖಾಲಿ ಬಿಡಿ.

ಪ್ರಶ್ನೆ: ಪರೀಕ್ಷೆಯಲ್ಲಿ ಡಿಸ್ಕ್ ಸರಿಯಿದೆ ಎಂದೇ ಬರುತ್ತದೆ, ಆದರೆ ಆಗಾಗ ಜೋಡಿಯಿಂದ ಹೊರಬೀಳುತ್ತದೆ. ಕೇಬಲ್ ಬದಲಿಸಿದ್ದಾಯಿತು.

ಉತ್ತರ: ಡೆಸ್ಕ್‌ಟಾಪ್ ಡಿಸ್ಕ್ ಅಲ್ಲವೇ? ಓದಲಾಗದ ಸೆಕ್ಟರ್ ಸಿಕ್ಕಾಗ ಇಂಥವು ಸೋಲೊಪ್ಪದೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಪ್ರಯತ್ನ ಮುಂದುವರಿಸಬಲ್ಲವು. ಲಿನಕ್ಸ್ ಕಾಯುವುದು 30 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಉತ್ತರ ಬರದಿದ್ದರೆ ಕೊಂಡಿಯನ್ನೇ ರೀಸೆಟ್ ಮಾಡುತ್ತದೆ, ಡಿಸ್ಕ್ ಜೋಡಿಯಿಂದ ಹೊರಗೆ. ಸ್ಮಾರ್ಟ್‌ಸಿಟಿಎಲ್‌ನ ‘ಎಸ್‌ಸಿಟಿಇಆರ್‌ಸಿ’ ಆಯ್ಕೆಗೆ 70,70 ಎಂದು ಕೊಡಿ. ಅಳತೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿರುವುದರಿಂದ ಇದು 7 ಸೆಕೆಂಡ್. ಆಗ ಡಿಸ್ಕ್ ಬೇಗ ‘ಆಗಲಿಲ್ಲ’ ಎನ್ನುತ್ತದೆ, ಎಂಡಿ (ಲಿನಕ್ಸ್‌ನ ರೇಡ್ ವ್ಯವಸ್ಥೆ) ಆ ಸೆಕ್ಟರನ್ನು ಇನ್ನೊಂದು ಪ್ರತಿಯಿಂದ ಓದಿ ಇಲ್ಲಿ ಮತ್ತೆ ಬರೆಯುತ್ತದೆ. ವಿದ್ಯುತ್ ಹೋದರೆ ಈ ಹೊಂದಿಕೆ ಸಾಮಾನ್ಯವಾಗಿ ಅಳಿಸಿಹೋಗುವುದರಿಂದ ಬೂಟ್ ಆದಾಗಲೆಲ್ಲ ಓಡುವ ಸ್ಕ್ರಿಪ್ಟ್‌ಗೆ ಸೇರಿಸಿ. ಡಿಸ್ಕ್‌ಗೆ ಈ ಸೌಲಭ್ಯವೇ ಇಲ್ಲದಿದ್ದರೆ ಲಿನಕ್ಸ್ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಿ.

ಪ್ರಶ್ನೆ: ತಿಂಗಳ ತಪಾಸಣೆಯ ನಂತರ ‘ಮಿಸ್‌ಮ್ಯಾಚ್’ (ಎರಡು ಪ್ರತಿಗಳ ನಡುವಿನ ವ್ಯತ್ಯಾಸ) ಎಣಿಕೆ 128 ಎಂದು ತೋರಿಸುತ್ತಿದೆ. ‘ರಿಪೇರ್’ ಕೊಡಲೇ?

ಉತ್ತರ: ತಡೆಯಿರಿ. ಆ ಜೋಡಿಯ ಮೇಲೆ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಇದೆಯೇ ನೋಡಿ. ಬರೆಯುತ್ತಿರುವಾಗಲೇ ಮೆಮೊರಿಯ ಪುಟ ಬದಲಾದರೆ ಎರಡು ಡಿಸ್ಕ್‌ಗಳಲ್ಲಿ ಬೇರೆಬೇರೆ ಪ್ರತಿ ಕೂರುತ್ತದೆ, ಅದು ನಿರುಪದ್ರವಿ. ಸ್ವಾಪ್ ಇಲ್ಲದಿದ್ದರೆ ರ‍್ಯಾಮ್, ಕೇಬಲ್, ಸ್ಮಾರ್ಟ್ ಅಂಕಿ ಇವುಗಳತ್ತ ಅನುಮಾನ ಹರಿಸಿ. ‘ರಿಪೇರ್’ ಎಂಬ ಹೆಸರು ಸ್ವಲ್ಪ ಮೋಸದ್ದು: ಎರಡರಲ್ಲಿ ಯಾವುದು ಸರಿ ಎಂದು ಎಂಡಿಗೆ ಗೊತ್ತಾಗುವುದಿಲ್ಲ, ಒಂದನ್ನು ಇನ್ನೊಂದರ ಮೇಲೆ ಬರೆದುಬಿಡುತ್ತದೆ. ಸರಿತಪ್ಪು ತಿಳಿಯಲು ಚೆಕ್‌ಸಮ್ (ದತ್ತಾಂಶದಿಂದ ಲೆಕ್ಕಹಾಕಿಟ್ಟ ತಾಳೆ ಸಂಖ್ಯೆ) ಬೇಕು. ಜೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಗಳಲ್ಲಿ ಅದು ಇದೆ.

ಪ್ರಶ್ನೆ: ಎರಡು ಡಿಸ್ಕ್ ಇದ್ದೂ, ಒಂದನೆಯದನ್ನು ತೆಗೆದರೆ ಯಂತ್ರ ಬೂಟ್ ಆಗುವುದಿಲ್ಲ. ಯಾಕೆ?

ಉತ್ತರ: ಯುಇಎಫ್‌ಐ (ಬಯೋಸ್‌ನ ಬದಲಿಗೆ ಬಂದ ಹೊಸ ಬೂಟ್ ವ್ಯವಸ್ಥೆ) ಯಂತ್ರಗಳಲ್ಲಿ ಬೂಟ್ ಕಡತಗಳು ಇಎಫ್‌ಐ ಪಾರ್ಟಿಷನ್‌ನಲ್ಲಿ ಇರುತ್ತವೆ, ಅದು ಸಾಮಾನ್ಯವಾಗಿ ಜೋಡಿಯ ಹೊರಗೆ ಇರುವಂಥದ್ದು. ಎರಡನೇ ಡಿಸ್ಕ್‌ನಲ್ಲೂ ಅಷ್ಟೇ ಗಾತ್ರದ ಇಎಫ್‌ಐ ಪಾರ್ಟಿಷನ್ ಮಾಡಿ, ಫ್ಯಾಟ್32 ಫಾರ್ಮ್ಯಾಟ್ ಕೊಟ್ಟು, ಮೊದಲಿನದರ ಕಡತಗಳನ್ನು ನಕಲಿಸಿ, ಇಎಫ್‌ಐ ಬೂಟ್ ಮ್ಯಾನೇಜರ್‌ನಿಂದ ಹೊಸ ನಮೂದು ಸೇರಿಸಿ. ಹಳೆಯ ಬಯೋಸ್ ಯಂತ್ರವಾದರೆ ಎರಡೂ ಡಿಸ್ಕ್‌ಗೆ ಗ್ರಬ್ (ಲಿನಕ್ಸನ್ನು ಬೂಟ್ ಮಾಡಿಸುವ ತಂತ್ರಾಂಶ) ಹಾಕಿದರೆ ಸಾಕು. ಬ್ಯಾಕಪ್ ಕೈಯಲ್ಲಿರುವಾಗ ಯಂತ್ರ ಆರಿಸಿ, ಒಂದೊಂದು ಡಿಸ್ಕನ್ನೂ ಸರದಿಯಂತೆ ಬಿಚ್ಚಿ ಬೂಟ್ ಮಾಡಿ ನೋಡಿ. ಮೊದಲನೆಯದನ್ನು ಮತ್ತೆ ಸೇರಿಸಿ ನಕಲು ಮುಗಿಯುವವರೆಗೆ ಎರಡನೆಯದನ್ನು ಮುಟ್ಟಬೇಡಿ.