ಮೋಡ ಸರಿದರೆ ಅರೋರಾ

ಉತ್ತರ ಧ್ರುವದ ಬೆಳಕು, ಅಂದರೆ ಅರೋರಾ ನೋಡಲು ಹೊರಟಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ನಾರ್ವೆಯ ಟ್ರೊಮ್ಸೊ ಬಗ್ಗೆ.

ಡಿಸೆಂಬರ್ ಕೊನೆಯ ವಾರ ಟ್ರೊಮ್ಸೊದಲ್ಲಿ ಎರಡು ರಾತ್ರಿ ಉಳಿಯುವ ಪ್ಯಾಕೇಜ್ ಸಿಕ್ಕಿದೆ. ಅರೋರಾ ಕಾಣುವುದು ಖಾತ್ರಿ ಎನ್ನುತ್ತಾರೆ ಏಜೆಂಟರು. ದುಡ್ಡು ಕಟ್ಟಬಹುದೇ? (ಮೈಸೂರು)

ಎರಡೇ ರಾತ್ರಿಗೆ ಕಟ್ಟಬೇಡಿ. ಅರೋರಾಕ್ಕೆ ಖಾತ್ರಿ ಕೊಡಲು ಯಾರಿಂದಲೂ ಆಗದು.

ಟ್ರೊಮ್ಸೊ ಇರುವುದು ಸುಮಾರು 69.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿಯ ಕಾಂತಧ್ರುವವನ್ನು ಸುತ್ತುವರಿದ ಅರೋರಾದ ಬಳೆ ಬಹುತೇಕ ಈ ಊರಿನ ನೆತ್ತಿಯ ಮೇಲೇ ಹಾದುಹೋಗುತ್ತದೆ. ಹಾಗಾಗಿ ಅಲ್ಲಿ ಬೆಳಕಿಗೆ ಬರವಿಲ್ಲ, ತೊಂದರೆ ಕೊಡುವುದು ಮೋಡ. ಪಶ್ಚಿಮಕ್ಕೆ ಬೆಚ್ಚಗಿನ ಪ್ರವಾಹದ ಸಮುದ್ರವಿದೆ. ಅದರಿಂದಾಗಿಯೇ ಊರು ಇಷ್ಟು ಉತ್ತರದಲ್ಲಿದ್ದರೂ ವಿಪರೀತ ಹೆಪ್ಪುಗಟ್ಟುವುದಿಲ್ಲ, ಅದರಿಂದಾಗಿಯೇ ಮೋಡವೂ ಸಾಲುಸಾಲಾಗಿ ಬರುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಯಾವುದೇ ಒಂದು ರಾತ್ರಿ ಆಕಾಶ ತೆರೆಯುವ ಸಾಧ್ಯತೆ ಅರ್ಧಕ್ಕರ್ಧ ಎಂದುಕೊಳ್ಳಿ. ಎರಡು ರಾತ್ರಿ ಇದ್ದರೆ ಒಮ್ಮೆಯಾದರೂ ತೆರೆಯುವ ಸಾಧ್ಯತೆ ನೂರಕ್ಕೆ 75, ನಾಲ್ಕು ರಾತ್ರಿಗೆ 94. ವಾಸ್ತವದಲ್ಲಿ ಮೋಡ ಕವಿದರೆ ಎರಡು ಮೂರು ದಿನ ಕದಲದೆ ಕೂರುವುದೂ ಇದೆ, ಆದ್ದರಿಂದ ನಾಲ್ಕು ರಾತ್ರಿ ಕನಿಷ್ಠ, ಐದಾದರೆ ನೆಮ್ಮದಿ. ಐದು ಸಿಕ್ಕಿದರೆ ಮೂರನ್ನು ಟ್ರೊಮ್ಸೊದಲ್ಲಿ, ಎರಡನ್ನು ಸ್ವೀಡನ್ನಿನ ಅಬಿಸ್ಕೊದಲ್ಲಿ ಕಳೆಯಿರಿ. ಅಬಿಸ್ಕೊ ಬೆಟ್ಟಗಳ ಮಳೆ ನೆರಳಿನಲ್ಲಿದೆ. ನಮ್ಮ ಘಟ್ಟದ ಆಚೆ ಮಳೆ ಸುರಿಯುತ್ತಿರುವಾಗ ಈಚೆ ಬಯಲುಸೀಮೆ ಒಣಗಿರುತ್ತದಲ್ಲ, ಹಾಗೆ. ಟ್ರೊಮ್ಸೊದಿಂದ ನಾರ್ವಿಕ್‌ವರೆಗೆ ಬಸ್ಸು, ಅಲ್ಲಿಂದ ಅಬಿಸ್ಕೊಗೆ ರೈಲು.

ಡಿಸೆಂಬರ್ ಕೊನೆಯ ವಾರಕ್ಕೆ ಇನ್ನೆರಡು ಕಷ್ಟಗಳಿವೆ. ನವೆಂಬರ್ 27ರ ಸುಮಾರಿನಿಂದ ಜನವರಿ 15ರವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನ ಒಂದಷ್ಟು ಹೊತ್ತು ನೀಲಿ ಮಬ್ಬು ಬೆಳಕು, ಅಷ್ಟೇ. ಅದು ನೋಡಲು ಸೊಗಸು, ಆದರೆ ಹಗಲಿನ ಸುತ್ತಾಟಕ್ಕೆ ಸಾಲದು. ಇನ್ನೊಂದು, 24ರ ಮಧ್ಯಾಹ್ನದಿಂದ 26ರವರೆಗೆ ಕ್ರಿಸ್‌ಮಸ್ ರಜೆ. ಅಂಗಡಿಗಳು ಹೆಚ್ಚುಕಡಿಮೆ ಎಲ್ಲವೂ ಮುಚ್ಚಿರುತ್ತವೆ. ಊಟದ ಸಾಮಾನು 23ಕ್ಕೇ ತಂದಿಟ್ಟುಕೊಳ್ಳಬೇಕು.

ಎಪ್ಪತ್ತು ದಾಟಿದ ಅಮ್ಮ, ಎಂಟು ವರ್ಷದ ಮಗಳು ಜತೆಗಿದ್ದಾರೆ. ಯಾವ ತಿಂಗಳು ಒಳ್ಳೆಯದು? (ಶಿವಮೊಗ್ಗ)

ಸೆಪ್ಟೆಂಬರ್ ಕೊನೆ, ಇಲ್ಲವೇ ಮಾರ್ಚ್. ಏಪ್ರಿಲ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಕಾಶ ಪೂರ್ತಿ ಕತ್ತಲಾಗುವುದೇ ಇಲ್ಲ, ಅಷ್ಟು ದಿನ ಬಿಟ್ಟುಬಿಡಿ. ಹಗಲು ರಾತ್ರಿ ಸಮನಾಗುವ ಈ ಎರಡು ತಿಂಗಳಲ್ಲಿ ಭೂಮಿಯ ಕಾಂತಕ್ಷೇತ್ರವೂ ಸೌರಮಾರುತವೂ (ಸೂರ್ಯನಿಂದ ಹೊಮ್ಮಿ ಬರುವ ವಿದ್ಯುತ್ ಕಣಗಳ ಹರಿವು) ಪರಸ್ಪರ ಕೂಡಿಕೊಳ್ಳಲು ಅನುಕೂಲವಾದ ಕೋನದಲ್ಲಿರುತ್ತವೆ, ಅರೋರಾ ಸ್ವಲ್ಪ ಹೆಚ್ಚು.

ಅಮ್ಮನ ದೃಷ್ಟಿಯಿಂದ ಸೆಪ್ಟೆಂಬರೇ ಮೇಲು. ರಸ್ತೆಯಲ್ಲಿ ಹಿಮವಿರುವುದಿಲ್ಲ, ಚಳಿ ನಮ್ಮ ಕೊಡಗಿನ ಜನವರಿ ಬೆಳಗಿಗಿಂತ ಹೆಚ್ಚು, ಆದರೂ ನಡುಚಳಿಗಾಲದಷ್ಟಲ್ಲ. ಕೆರೆಗಳು ಇನ್ನೂ ಹೆಪ್ಪುಗಟ್ಟದೆ ಇರುವುದರಿಂದ ಗಾಳಿ ನಿಂತ ರಾತ್ರಿ ಹಸಿರು ಬೆಳಕು ನೀರಿನಲ್ಲೂ ಕಾಣುತ್ತದೆ. ಹಿಮದಲ್ಲಿ ಆಡುವುದು ಮಗಳ ಆಸೆಯಾದರೆ ಮಾರ್ಚ್. ಆಗ ಬೇಕಾದಷ್ಟು ಹಗಲೂ ಇರುತ್ತದೆ, ಹಿಮವೂ ಇರುತ್ತದೆ, ಆದರೆ ಕಾಲುದಾರಿ ಮೇಲೆ ಗಾಜಿನಂಥ ಮಂಜುಗಡ್ಡೆ ಕಟ್ಟಿರುತ್ತದೆ. ಅಲ್ಲಿ ಇಳಿದ ಮೊದಲ ದಿನವೇ ಬೂಟಿನ ತಳಕ್ಕೆ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿ ಕೊಳ್ಳಿ. ಸ್ಥಳೀಯರು ಅದಕ್ಕೆ ಬ್ರೊಡ್ಡರ್ ಎನ್ನುತ್ತಾರೆ, ಸೂಪರ್‌ಮಾರ್ಕೆಟ್ಟುಗಳಲ್ಲೂ ಸಿಗುತ್ತದೆ. ಅಂಗಡಿ, ಹೋಟೆಲಿನೊಳಗೆ ಹೋಗುವಾಗ ಕಳಚಲೇಬೇಕು. ನಯವಾದ ನೆಲದ ಮೇಲೆ ಅದೇ ಜಾರಿಸುತ್ತದೆ.

ಆ್ಯಪ್‌ನಲ್ಲಿ ಕೆಪಿ 5 ಎಂದು ತೋರಿಸಿದ ರಾತ್ರಿ ಸ್ನೇಹಿತರಿಗೆ ಏನೂ ಕಾಣಲಿಲ್ಲ, ಕೆಪಿ 2 ಇದ್ದ ರಾತ್ರಿ ಆಕಾಶವೆಲ್ಲ ಕುಣಿಯಿತಂತೆ. ಹಾಗಾದರೆ ಈ ಅಂಕಿ ಏಕೆ? (ಹುಬ್ಬಳ್ಳಿ)

ಕೆಪಿ ಎಂಬುದು 0ರಿಂದ 9ರವರೆಗಿನ ಅಳತೆ, ಇಡೀ ಭೂಮಿಯ ಕಾಂತಕ್ಷೇತ್ರ ಮೂರು ಗಂಟೆಗಳಲ್ಲಿ ಎಷ್ಟು ಅಲುಗಿತು ಎಂಬುದರ ಸರಾಸರಿ. ಅಂಕಿ ಏರಿದಷ್ಟೂ ಅರೋರಾದ ಬಳೆ ಹಿಗ್ಗಿ ದಕ್ಷಿಣಕ್ಕೆ ಇಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ನಿಂತವರಿಗೆ ಅದು ಮುಖ್ಯ. ಬಳೆಯ ಕೆಳಗೇ ನಿಂತ ಟ್ರೊಮ್ಸೊದವರಿಗೆ 1 ಅಥವಾ 2 ಇದ್ದರೂ ಸಾಕು. ಆದ್ದರಿಂದ ಅಲ್ಲಿ ಮೊದಲು ನೋಡಬೇಕಾದದ್ದು ಮೋಡದ ನಕ್ಷೆ. ನಾರ್ವೆಯ ಹವಾಮಾನ ಸಂಸ್ಥೆಯ 'ವೈಆರ್' ಆ್ಯಪ್‌ನಲ್ಲಿ ಗಂಟೆ ಗಂಟೆಯ ಮೋಡದ ಮುನ್ಸೂಚನೆ ಸಿಗುತ್ತದೆ. ಸಂಜೆ ನಾಲ್ಕಕ್ಕೊಮ್ಮೆ, ಊಟ ಮುಗಿಸಿ ಇನ್ನೊಮ್ಮೆ ನೋಡಿ.

ಇನ್ನೂ ಸೂಕ್ಷ್ಮವಾಗಿ ತಿಳಿಯಬೇಕೆಂದರೆ ಅರೋರಾ ಆ್ಯಪ್‌ಗಳಲ್ಲಿ 'ಬಿ-ಝಡ್' ಎಂಬ ಅಂಕಿ ಹುಡುಕಿ. ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರ ಯಾವ ಕಡೆ ತಿರುಗಿದೆ ಎಂಬುದನ್ನು ಅದು ಹೇಳುತ್ತದೆ. ಅದು ಋಣಾತ್ಮಕವಾಗಿ ಅರ್ಧ ಗಂಟೆ ನಿಂತರೆ ಬಾಗಿಲು ತೆರೆದಂತೆ, ಹೊರಗೆ ಹೊರಡಿ. ಈ ಮಾಹಿತಿ ಬರುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನಿಂದ. ಅಮೆರಿಕದ ಏಸ್‌ನಂಥ ನೌಕೆಗಳು ಅಲ್ಲಿವೆ. 2024ರ ಜನವರಿ 6ರಿಂದ ನಮ್ಮ ಆದಿತ್ಯ-ಎಲ್1 ಕೂಡ ಅದೇ ನೆರೆಯಲ್ಲಿದೆ. ಸೆಕೆಂಡಿಗೆ 400 ಕಿ.ಮೀ. ವೇಗದ ಸಾಮಾನ್ಯ ಸೌರಮಾರುತ ಅಲ್ಲಿಂದ ಭೂಮಿ ತಲುಪಲು ಒಂದು ಗಂಟೆಯಷ್ಟು ಬೇಕು. ಅಂದರೆ ನಿಜವಾಗಿ ನೆಚ್ಚಿಕೊಳ್ಳಬಹುದಾದ ಮುನ್ಸೂಚನೆ ನಿಮ್ಮ ಕೈಯಲ್ಲಿರುವುದು ಅಷ್ಟೇ ಹೊತ್ತು. ಮುಂದಿನ ವಾರದ ಕೆಪಿ ನೋಡಿ ಹೋಟೆಲ್ ಬದಲಿಸುವುದು ವ್ಯರ್ಥ.

ಟೂರ್ ಆರಿಸುವಾಗಲೂ ಇದೇ ನೆನಪಿರಲಿ. ಐವತ್ತು ಜನರ ದೊಡ್ಡ ಬಸ್ಸು ಸಾಮಾನ್ಯವಾಗಿ ಗೊತ್ತುಮಾಡಿದ ಒಂದು ಜಾಗಕ್ಕೆ ಹೋಗಿ ನಿಲ್ಲುತ್ತದೆ. ಹದಿನೈದು ಜನರ ಮಿನಿಬಸ್ಸಿನ ಗೈಡ್ ಮೋಡ ತಪ್ಪಿಸಿಕೊಂಡು ಒಳನಾಡಿಗೆ, ಬೇಕಾದರೆ ಗಡಿ ದಾಟಿ ಫಿನ್ಲೆಂಡಿನ ಕಿಲ್ಪಿಸ್‌ಯಾರ್ವಿವರೆಗೂ ಓಡಿಸುತ್ತಾರೆ. ಬುಕ್ ಮಾಡುವ ಮೊದಲು 'ಗಡಿ ದಾಟುತ್ತೀರಾ?' ಎಂದು ಕೇಳಿ, ಆ ರಾತ್ರಿ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಎರಡೂ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಗುಂಪು) ದೇಶಗಳಾದ್ದರಿಂದ ಸಿಂಗಲ್ ಎಂಟ್ರಿ ವೀಸಾಕ್ಕೂ ತೊಂದರೆಯಿಲ್ಲ. ಹಿಮದ ಮೇಲೆ ಗಾಡಿ ಓಡಿಸಿ ಅಭ್ಯಾಸವಿಲ್ಲದವರು ಬಾಡಿಗೆ ಕಾರು ತೆಗೆದುಕೊಂಡು ಕತ್ತಲಲ್ಲಿ ಹೊರಡುವುದು ಮಾತ್ರ ಖಂಡಿತ ಬೇಡ.

ಫೋಟೊದಲ್ಲಿ ಕಡು ಹಸಿರು ಇರುತ್ತದೆ, ಕಣ್ಣಿಗೆ ಬೂದು ಬಣ್ಣ ಕಾಣುತ್ತದಂತೆ, ನಿಜವೇ? (ಬೆಂಗಳೂರು)

ಬೆಳಕು ಮಂದವಾಗಿದ್ದಾಗ ನಿಜ. ಬಣ್ಣ ಗುರುತಿಸುವ ಶಂಕು ಕೋಶಗಳಿಗೆ ಕತ್ತಲಲ್ಲಿ ಕೆಲಸ ಮಾಡಲಾಗದು, ಆಗ ದಂಡಕೋಶಗಳದೇ ದುಡಿಮೆ, ಅವಕ್ಕೆ ಬಣ್ಣ ತಿಳಿಯದು. ಕ್ಯಾಮೆರಾ ಹತ್ತು ಸೆಕೆಂಡ್ ಬೆಳಕು ಕೂಡಿಹಾಕುತ್ತದೆ. ಆದ್ದರಿಂದ ಶುರುವಿನಲ್ಲಿ ಅರೋರಾ ಒಂದು ತೆಳ್ಳನೆಯ ಬಿಳಿಮೋಡದ ಪಟ್ಟಿಯಂತೆ ಕಂಡು, ಎಷ್ಟೋ ಜನ ಅದನ್ನು ಮೋಡವೆಂದೇ ತಿಳಿದು ಒಳಗೆ ಹೋಗಿಬಿಡುತ್ತಾರೆ. ಪಟ್ಟಿಯ ಹಿಂದಿನ ನಕ್ಷತ್ರಗಳು ಅದರ ಮೂಲಕ ಕಾಣುತ್ತಿವೆಯೇ ನೋಡಿ. ಅನುಮಾನವಿದ್ದರೆ ಫೋನಿನಲ್ಲಿ ಮೂರು ಸೆಕೆಂಡಿನ ಒಂದು ಚಿತ್ರ ತೆಗೆಯಿರಿ, ಹಸಿರು ಬಂದರೆ ಅರೋರಾ.

ಬೆಳಕು ಜೋರಾದಾಗ ಬರಿಗಣ್ಣಿಗೂ ಹಸಿರು ಸ್ಪಷ್ಟ. ಪರದೆ ಬೀಸಿದಂತೆ ಅಲುಗಾಡುವಾಗ ಅದರ ಕೆಳಗಿನ ಅಂಚಿನಲ್ಲಿ ಗುಲಾಬಿ ಗೆರೆಯೊಂದು ಓಡುತ್ತದೆ, ಅದು ಸಾರಜನಕ. ಹಸಿರು ಸುಮಾರು 100ರಿಂದ 150 ಕಿ.ಮೀ. ಎತ್ತರದ ಆಮ್ಲಜನಕದ್ದು, ಕೆಂಪು 200 ಕಿ.ಮೀ.ಗೂ ಮೇಲಿನ ಆಮ್ಲಜನಕದ್ದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಮಧ್ಯೆ ಒಮ್ಮೆ ಫೋನಿನ ಪರದೆ ನೋಡಿದಿರೋ, ಮತ್ತೆ ಮೊದಲಿಂದ ಲೆಕ್ಕ.

ಕ್ಯಾಮೆರಾ ಸೆಟ್ಟಿಂಗ್ ತಿಳಿಸಿ. ಚಳಿಗೆ ಕೆಟ್ಟುಹೋಗುತ್ತದೆಯೇ? (ಮಂಗಳೂರು)

ಟ್ರೈಪಾಡ್ ಇಲ್ಲದೆ ಏನೂ ಆಗದು. ಮ್ಯಾನ್ಯುವಲ್ ಮೋಡ್‌ನಲ್ಲಿ ಅಪರ್ಚರ್ ಎಫ್ 2.8 ಅಥವಾ ನಿಮ್ಮ ಲೆನ್ಸಿನ ಅತಿ ಅಗಲದ್ದು, ಐಎಸ್‌ಒ 1600ರಿಂದ 3200, ವೈಟ್ ಬ್ಯಾಲೆನ್ಸ್ 3500ರಿಂದ 4000 ಕೆಲ್ವಿನ್. ಬೆಳಕು ನಿಧಾನವಾಗಿ ತೇಲುತ್ತಿದ್ದರೆ 8ರಿಂದ 15 ಸೆಕೆಂಡ್, ಕುಣಿಯತೊಡಗಿದರೆ 2ರಿಂದ 4 ಸೆಕೆಂಡ್. ಕುಣಿಯುವಾಗಲೂ 15ರಲ್ಲೇ ಬಿಟ್ಟರೆ ಪರದೆಯ ಮಡಿಕೆಗಳೆಲ್ಲ ಕಲಸಿ ಹಸಿರು ಗಂಜಿಯಾಗುತ್ತದೆ.

ಹೆಚ್ಚು ಚಿತ್ರಗಳು ಕೆಡುವುದು ಫೋಕಸ್‌ನಿಂದ. ಆಟೊಫೋಕಸ್ ಆಫ್ ಮಾಡಿ, ಲೈವ್ ವ್ಯೂನಲ್ಲಿ ಪ್ರಕಾಶದ ನಕ್ಷತ್ರವೊಂದನ್ನು ಹತ್ತು ಪಟ್ಟು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ರಿಂಗ್ ತಿರುಗಿಸಿ, ಆಮೇಲೆ ರಿಂಗಿಗೆ ಟೇಪ್ ಅಂಟಿಸಿ. ಲೆನ್ಸಿನ ಮುಂದೆ ಯುವಿ ಫಿಲ್ಟರ್ ಇದ್ದರೆ ಬಿಚ್ಚಿಡಿ. ಅರೋರಾದ ಹಸಿರು ಒಂದೇ ತರಂಗಾಂತರದ್ದು, 557.7 ನ್ಯಾನೊಮೀಟರ್. ಅದು ಫಿಲ್ಟರಿನ ಗಾಜಿನ ಎರಡು ಮೈಗಳ ನಡುವೆ ಪ್ರತಿಫಲಿಸಿ ಚಿತ್ರದ ನಡುವೆ ಬಳೆಬಳೆಯಾದ ಗೆರೆ ಮೂಡಿಸುತ್ತದೆ. ಅದನ್ನು ಆಮೇಲೆ ಅಳಿಸುವುದು ಬಹಳ ಕಷ್ಟ.

ಫೋನಾದರೆ ನೈಟ್ ಮೋಡ್, ಮೂರು ಸೆಕೆಂಡಿನ ಟೈಮರ್, ಟ್ರೈಪಾಡ್. ಕೆಲವು ಫೋನುಗಳು ಅಲುಗಾಡದೆ ನಿಂತದ್ದು ತಿಳಿದು 30 ಸೆಕೆಂಡಿನವರೆಗೆ ತಾವೇ ಏರಿಸುತ್ತವೆ.

ಕ್ಯಾಮೆರಾಕ್ಕೆ ಪೆಟ್ಟು ಹೆಚ್ಚಾಗಿ ಬೀಳುವುದು ಒಳಗೆ ಬರುವಾಗ. ಕೊರೆಯುವಷ್ಟು ತಣ್ಣಗಿರುವ ಲೋಹ, ಗಾಜಿನ ಮೇಲೆ ಬೆಚ್ಚನೆಯ ಕೋಣೆಯ ತೇವ ನೀರಾಗಿ ಕೂರುತ್ತದೆ, ಲೆನ್ಸಿನೊಳಗೂ ಇಳಿಯಬಹುದು. ಹೊರಗಿರುವಾಗಲೇ ಮೆಮೊರಿ ಕಾರ್ಡು, ಬ್ಯಾಟರಿ ತೆಗೆದುಕೊಂಡು, ಕ್ಯಾಮೆರಾವನ್ನು ಬ್ಯಾಗಿನಲ್ಲಿಟ್ಟು ಜಿಪ್ ಎಳೆದು, ಒಳಗೆ ತಂದು ಎರಡು ಗಂಟೆ ಮುಟ್ಟದೆ ಬಿಡಿ. ಹೆಚ್ಚುವರಿ ಬ್ಯಾಟರಿ ಎರಡಿರಲಿ, ಅವು ಒಳಜೇಬಿನಲ್ಲಿ ಮೈಗೆ ತಾಗಿಕೊಂಡಿರಲಿ.

ಬಟ್ಟೆ ಏನೇನು ಬೇಕು? ಇಲ್ಲಿಂದಲೇ ಕೊಂಡೊಯ್ಯಬೇಕೇ? (ದಾವಣಗೆರೆ)

ಅರೋರಾಕ್ಕೆ ಕಾಯುವುದೆಂದರೆ ಎರಡು ಮೂರು ಗಂಟೆ ನಿಂತಲ್ಲೇ ನಿಲ್ಲುವುದು. ನಡೆಯುವವರಿಗೆ ಸಾಕಾಗುವ ಬಟ್ಟೆ ನಿಲ್ಲುವವರಿಗೆ ಸಾಲದು. ಮೈಗೆ ತಾಗುವ ಪದರ ಮೆರಿನೊ ಉಣ್ಣೆಯದ್ದಾಗಿರಲಿ, ಹತ್ತಿ ಬನಿಯನ್ ಬೇಡ. ಹತ್ತಿ ಬೆವರನ್ನು ಹಿಡಿದಿಟ್ಟುಕೊಂಡು ನಿಂತ ಹತ್ತೇ ನಿಮಿಷಕ್ಕೆ ತಣ್ಣಗಾಗುತ್ತದೆ. ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್, ಹೊರಗೆ ಗಾಳಿ ತಡೆಯುವ ಜಾಕೆಟ್. ಕಾಲಿಗೂ ಹೀಗೇ; ಜೀನ್ಸ್ ಪ್ಯಾಂಟ್ ಹಾಕಿ ಬರುವವರು ಮಂಡಿಯ ಚಳಿಗೆ ಮೊದಲು ಸೋಲುತ್ತಾರೆ.

ಹೆಚ್ಚಿನವರು ತಪ್ಪುವುದು ಕಾಲುಚೀಲದಲ್ಲಿ. ಬಿಗಿಯಾದ ಬೂಟಿನೊಳಗೆ ಎರಡು ಜೊತೆ ತುರುಕಿದರೆ ರಕ್ತಸಂಚಾರ ಕುಗ್ಗಿ ಬೆರಳು ಇನ್ನಷ್ಟು ಬೇಗ ಮರಗಟ್ಟುತ್ತದೆ. ಒಂದು ಅಳತೆ ದೊಡ್ಡ ಬೂಟು, ದಪ್ಪ ಉಣ್ಣೆಯ ಒಂದೇ ಜೊತೆ. ಕೈಗೆ ತೆಳ್ಳನೆಯ ಗ್ಲೌಸ್, ಮೇಲೊಂದು ಬೆರಳು ಬಿಡಿಸದ ದಪ್ಪ ಕೈಗವಸು. ಕೈ ಬೆಚ್ಚಗಿಡುವ ಪುಡಿಯ ಪೊಟ್ಟಣದೊಳಗಿರುವುದು ಕಬ್ಬಿಣದ ಪುಡಿ, ಗಾಳಿ ತಾಗಿದರಷ್ಟೇ ಬಿಸಿಯಾಗುತ್ತದೆ. ಹೊರಡುವ ಕಾಲು ಗಂಟೆ ಮೊದಲೇ ಒಡೆಯಿರಿ. ಇನ್ನು ನಮ್ಮ ಮಂಕಿ ಕ್ಯಾಪ್‌ನಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ಕನ್ನಡಕದವರು ಮಾತ್ರ ಮೂಗು ಮುಚ್ಚಿಕೊಳ್ಳಬೇಡಿ, ಉಸಿರೆಲ್ಲ ಮೇಲಕ್ಕೆ ಹೋಗಿ ಗಾಜಿನ ಮೇಲೆ ಹೆಪ್ಪುಗಟ್ಟುತ್ತದೆ.

ದಪ್ಪ ಬೂಟು, ಮೈತುಂಬ ಮುಚ್ಚುವ ಸೂಟನ್ನು ಹಲವು ಟೂರ್‌ನವರು ಅಲ್ಲೇ ಕೊಡುತ್ತಾರೆ, ಕೇಳಿ ನೋಡಿ. ಒಳಪದರ, ಕಾಲುಚೀಲ ಮಾತ್ರ ಸ್ವಂತದ್ದೇ ಬೇಕು.

ಲಡಾಖಿನ ಹಾನ್ಲೆಯಲ್ಲೂ ಅರೋರಾ ಕಂಡಿತಲ್ಲ, ಅಲ್ಲಿಗೇ ಹೋದರೆ ಆಗದೇ? (ಹಾಸನ)

2024ರ ಮೇ 10-11ರ ಭಾರೀ ಕಾಂತಚಂಡಮಾರುತದಲ್ಲಿ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾಗಳಿಗೆ ಕೆಂಪು ಬೆಳಕು ಸಿಕ್ಕಿದ್ದು ನಿಜ. ಆ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆದರೆ ಅಲ್ಲಿ ಕಾಣುವುದು ಬಹಳ ಎತ್ತರದ ಕೆಂಪು ಭಾಗ ಮಾತ್ರ, ಅದೂ ಉತ್ತರ ದಿಗಂತಕ್ಕೆ ಅಂಟಿಕೊಂಡಂತೆ, ಅಂಥ ಅಪರೂಪದ ದಿನಗಳಲ್ಲಿ. ಹಾನ್ಲೆಗೆ ಆಕಾಶಗಂಗೆ ನೋಡಲು ಹೋಗಿ, ಅರೋರಾ ಲೆಕ್ಕದಲ್ಲಿ ಟಿಕೆಟ್ ಮಾಡಬೇಡಿ.

ವೀಸಾ ಯಾವಾಗ ಹಾಕಬೇಕು? (ಬೆಳಗಾವಿ)

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ತಡವೆಂದರೆ 15 ದಿನ ಮೊದಲು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ, ಹಾಗಾಗಿ ಮೂರು ತಿಂಗಳು ಮೊದಲೇ ಹಾಕಿಬಿಡಿ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿ, ವಾಪಸಾದ ಮೇಲೂ ಮೂರು ತಿಂಗಳ ಅವಧಿ, ಎರಡು ಖಾಲಿ ಪುಟ ಇರಬೇಕು. ವಿಮೆ ಕನಿಷ್ಠ 30,000 ಯೂರೊದ್ದು.

ಹೆಚ್ಚು ರಾತ್ರಿ ಕಳೆಯುವ ದೇಶಕ್ಕೇ ಅರ್ಜಿ, ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ವಿಮಾನ, ಹೋಟೆಲ್, ವಿಮೆ ಈ ಮೂರರ ತಾರೀಕುಗಳು ಒಂದಕ್ಕೊಂದು ತಾಳೆಯಾಗಲಿ. ಅರ್ಜಿಗೆ ವಾರ ಮೊದಲು ಖಾತೆಗೆ ದೊಡ್ಡ ಮೊತ್ತ ತುಂಬಿದರೆ ಅದು ಎಲ್ಲಿಂದ ಬಂತೆಂಬುದಕ್ಕೆ ದಾಖಲೆಯನ್ನೂ ಇಡಿ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು? ಪೇಡ, ತುಪ್ಪ ಒಯ್ಯಬಹುದೇ? (ಧಾರವಾಡ)

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಅರ್ಧ ಚಿಂತೆ ಮುಗಿಯಿತು. ಅಕ್ಕಿ, ತರಕಾರಿ, ಮೊಸರು, ಹಾಲು ಎಲ್ಲವೂ ಅಲ್ಲಿನ ರೆಮಾ, ಕೀವಿ, ಕೂಪ್ ಎಂಬ ಸೂಪರ್‌ಮಾರ್ಕೆಟ್ಟುಗಳಲ್ಲಿ ಸಿಗುತ್ತವೆ. ಕುಡಿಯಲು ನಲ್ಲಿ ನೀರೇ ಚೆನ್ನಾಗಿದೆ, ಬಾಟಲಿಗೆ ದುಡ್ಡು ಹಾಕಬೇಡಿ. ರಾತ್ರಿ ಕಾಯುವಾಗ ಫ್ಲಾಸ್ಕಿನಲ್ಲಿ ಬಿಸಿ ಸಾರು ಇದ್ದರೆ ಬಲು ಹಿತ.

ಪೇಡ, ತುಪ್ಪ ಎರಡೂ ಆಗದು. ಯುರೋಪಿನ ಹೊರಗಿಂದ ಹಾಲಿನ ಪದಾರ್ಥಗಳನ್ನು ನಾರ್ವೆಯೊಳಗೆ ಒಯ್ಯುವಂತಿಲ್ಲ, ಹಾಲಿನಪುಡಿ ಬೆರೆಸಿದ ಕಾಫಿ ಮಿಕ್ಸ್ ಕೂಡ ಅದರಲ್ಲೇ ಸೇರುತ್ತದೆ. ಆಲೂಗಡ್ಡೆಯೂ ಬೇಡ, ಹಸಿ ಕರಿಬೇವೂ ಬೇಡ. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ಎಣ್ಣೆಯಲ್ಲಿ ಹುರಿದ ರವೆ ಒಯ್ಯಿರಿ. ರವೆ ಮಿಕ್ಸಿನ ಪೊಟ್ಟಣವಾದರೆ ತುಪ್ಪ ಇದೆಯೇ ಎಂದು ಹಿಂದುಗಡೆ ಓದಿ. ಹೊರದೇಶದಿಂದ ಬಂದು ಓಸ್ಲೋದಲ್ಲಿ ಟ್ರೊಮ್ಸೊ ವಿಮಾನಕ್ಕೆ ಬದಲಿಸುವವರು ಸಾಮಾನ್ಯವಾಗಿ ಅಲ್ಲಿ ಬ್ಯಾಗು ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕಾಗುತ್ತದೆ. ಬ್ಯಾಗಿನ ಚೀಟಿಯಲ್ಲಿ ಟ್ರೊಮ್ಸೊ ಎಂದಿದ್ದರೂ ಚೆಕ್‌-ಇನ್ ಕೌಂಟರಿನಲ್ಲಿ ಒಮ್ಮೆ ಕೇಳಿಕೊಳ್ಳಿ, ಎರಡು ವಿಮಾನಗಳ ನಡುವೆ ಎರಡೂವರೆ ಗಂಟೆಯಾದರೂ ಇಟ್ಟುಕೊಳ್ಳಿ.