ಅಪ್ಪ ಡ್ರಮಂಡ್, ಮಗ ಮೆಕ್‌ಗ್ರೆಗರ್: ಒಂದು ಸ್ಕಾಟಿಷ್ ಮನೆತನದ ಹೆಸರಿನ ಕಥೆ

ಪ್ರಶ್ನೆ: ನನ್ನ ಸೊಸೆ ಕೆನಡಾದ ನೋವಾ ಸ್ಕೋಷಿಯಾದವಳು. ಅವಳ ಮನೆತನದ ಹೆಸರು ಮೆಕ್‌ಗ್ರೆಗರ್. ಮೊಮ್ಮಗಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆಯಲು ಕೂತಿದ್ದೇನೆ. ಅವರ ಮನೆಯ ಹಳೆಯ ಬೈಬಲ್‌ನಲ್ಲಿ, ಸ್ಕಾಟ್ಲೆಂಡಿನಿಂದ ಬಂದ ಹಿರಿಯನ ಹೆಸರಿನ ಮುಂದೆ ಡ್ರಮಂಡ್ ಎಂದಿದೆ. ಅವನ ಮಗನ ಹೆಸರಿನ ಮುಂದೆ ಮೆಕ್‌ಗ್ರೆಗರ್ ಎಂದಿದೆ. ಮಗ ದತ್ತು ಬಂದವನೇ? "ನಮ್ಮ ಹೆಸರನ್ನೇ ರಾಜ ನಿಷೇಧಿಸಿದ್ದ" ಎಂದು ಬೀಗರು ಹೇಳುತ್ತಾರೆ. ಇದು ನಿಜವೇ? ಮೂಲ ಊರನ್ನು ಹುಡುಕುವುದು ಹೇಗೆ?
— ಓದುಗರು, ಮೈಸೂರು

ಉತ್ತರ: ಬೀಗರು ಹೇಳಿದ್ದು ನಿಜ. ದತ್ತು ಇದ್ದರೂ ಇರಬಹುದು. ಆದರೆ ಈ ಮನೆತನದಲ್ಲಿ ಅಪ್ಪ ಡ್ರಮಂಡ್, ಮಗ ಮೆಕ್‌ಗ್ರೆಗರ್ ಆಗಲು ದತ್ತೇ ಬೇಕಿರಲಿಲ್ಲ.

ಗೇಲಿಕ್ ಭಾಷೆಯಲ್ಲಿ 'ಮ್ಯಾಕ್' ಅಂದರೆ ಮಗ. ಗ್ರೆಗರ್ ಎಂಬ ಹಿರಿಯನ ಕಡೆಯವರು ಮೆಕ್‌ಗ್ರೆಗರ್‌ಗಳು. ಪಶ್ಚಿಮದ ಆರ್ಗೈಲ್ ಸೀಮೆಯ ಗ್ಲೆನ್ ಓರ್ಕಿ, ಗ್ಲೆನ್ ಸ್ಟ್ರೇ ಕಣಿವೆಗಳು ಇವರ ಹಳೆಯ ನೆಲೆ. ಅಲ್ಲಿಂದ ಪರ್ತ್‌ಶೈರ್‌ನ ಗ್ಲೆನ್ ಲಯನ್, ಬಾಲ್‌ವಿಡರ್, ಲಾಕ್ ಕ್ಯಾಟ್ರಿನ್ ಸರೋವರದ ಸುತ್ತಮುತ್ತ ಹರಡಿದರು. ತಲೆಮಾರುಗಳಿಂದ ಆ ನೆಲದಲ್ಲಿ ಇದ್ದವರು ಇವರು. ಆದರೆ ರಾಜಮುದ್ರೆಯ ಹಕ್ಕುಪತ್ರ ಇದ್ದದ್ದು ಕ್ಯಾಂಬೆಲ್ ಎಂಬ ಇನ್ನೊಂದು ಮನೆತನದವರ ಕೈಯಲ್ಲಿ. ಕ್ಯಾಂಬೆಲ್‌ಗಳು ಒತ್ತುತ್ತಾ ಬಂದ ಹಾಗೆ ಮೆಕ್‌ಗ್ರೆಗರ್‌ಗಳಿಗೆ ನೆಲ ತಪ್ಪಿತು. ದನ ಹೊಡೆದುಕೊಂಡು ಹೋಗುವುದು, ಕಾದಾಡುವುದು ಜಾಸ್ತಿ ಆಯಿತು.

1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಎಂಬಲ್ಲಿ ಕಹೂನ್ ಮನೆತನದವರನ್ನು ಇವರು ದೊಡ್ಡ ಸಂಖ್ಯೆಯಲ್ಲಿ ಕೊಂದರು. ಸ್ಕಾಟ್ಲೆಂಡಿನ ರಾಜ ಆರನೇ ಜೇಮ್ಸ್ ಆಗ ಇಂಗ್ಲೆಂಡಿನ ಸಿಂಹಾಸನ ಏರಲು ಲಂಡನ್ನಿಗೆ ಹೊರಟು ನಿಂತಿದ್ದ. ಹೊರಡುವುದಕ್ಕೆ ಎರಡು ದಿನ ಮೊದಲು, ಏಪ್ರಿಲ್ 3ರಂದು, ಆಜ್ಞೆ ಹೊರಬಿತ್ತು. ಮೆಕ್‌ಗ್ರೆಗರ್ ಎಂಬ ಹೆಸರೇ ಇರಕೂಡದು, ಇಟ್ಟುಕೊಂಡವರಿಗೆ ಮರಣದಂಡನೆ!

ಮೆಕ್‌ಗ್ರೆಗರ್‌ಗಳ ಮುಖ್ಯಸ್ಥ ಅಲಸ್ಟೇರ್ ಶರಣಾದದ್ದು ಆರ್ಗೈಲ್‌ನ ಅರ್ಲ್, ಅಂದರೆ ಆ ಸೀಮೆಯ ದೊಡ್ಡ ಒಡೆಯ, ಕೊಟ್ಟ ಮಾತು ನಂಬಿ. ಈ ಅರ್ಲ್ ಕೂಡ ಕ್ಯಾಂಬೆಲ್ಲೇ. ಸ್ಕಾಟ್ಲೆಂಡಿನ ಗಡಿ ದಾಟಿಸುತ್ತೇನೆ ಎಂದಿದ್ದ. ದಾಟಿಸಿಯೂ ದಾಟಿಸಿದ. ಆಮೇಲೆ ಅಲ್ಲಿಂದಲೇ ವಾಪಸ್ ಎಡಿನ್‌ಬರೋಗೆ ಕರೆತಂದರು. 1604ರ ಜನವರಿಯಲ್ಲಿ ಗಲ್ಲಿಗೇರಿಸಿದರು.

ಉಳಿದವರು ಆಶ್ರಯ ಕೊಟ್ಟ ಒಡೆಯರ ಹೆಸರು ಹಾಕಿಕೊಂಡರು: ಡ್ರಮಂಡ್, ಮರ್ರೆ, ಗ್ರಹಾಂ, ಸ್ಟೂವರ್ಟ್. ಹಗೆಗಳಾದ ಕ್ಯಾಂಬೆಲ್‌ಗಳ ಹೆಸರನ್ನೂ ಬಿಡಲಿಲ್ಲ. ಪ್ರಸಿದ್ಧ ರಾಬ್ ರಾಯ್ ಮೆಕ್‌ಗ್ರೆಗರ್ ಕೂಡ ತಾಯಿಯ ಕಡೆಯ ಕ್ಯಾಂಬೆಲ್ ಹೆಸರನ್ನು ಬಳಸುತ್ತಿದ್ದ. ಮುಂದೆ ಕಾನೂನು ಇನ್ನೂ ಬಿಗಿಯಾಯಿತು. ನಾಲ್ಕಕ್ಕಿಂತ ಹೆಚ್ಚು ಜನ ಒಟ್ಟಿಗೆ ಸೇರುವಂತಿಲ್ಲ. ಊಟಕ್ಕೆ ಬೇಕಾದ ಮೊನೆ ಇಲ್ಲದ ಚಾಕು ಬಿಟ್ಟು ಬೇರೆ ಆಯುಧ ಇಲ್ಲ. 1633ರಲ್ಲಂತೂ ಪಾದ್ರಿಗಳು ಮಗುವಿಗೆ ಗ್ರೆಗರ್ ಎಂದು ಹೆಸರಿಡಬಾರದು, ಬರಹಗಾರರು ಆ ಹೆಸರಲ್ಲಿ ಪತ್ರ ಬರೆದುಕೊಡಬಾರದು ಎಂದಾಯಿತು. ನಿಮಗೆ ಮುಖ್ಯವಾದದ್ದು ಇದೇ. ಆ ಕಾಲದ ದಾಖಲೆಗಳಲ್ಲಿ ಮೆಕ್‌ಗ್ರೆಗರ್ ಎಂದು ಹುಡುಕಿದರೆ ಸಿಗುವುದು ಕಷ್ಟ. ಜನ ಅಲ್ಲೇ ಇದ್ದರು, ಹೆಸರು ಮಾತ್ರ ಬೇರೆ.

1661ರಲ್ಲಿ ಎರಡನೇ ಚಾರ್ಲ್ಸ್ ನಿಷೇಧ ತೆಗೆದ. 1693ರಲ್ಲಿ ಮತ್ತೆ ಹೇರಿದರು. ಪೂರ್ತಿ ರದ್ದಾದದ್ದು 1774ರಲ್ಲಿ. ಆಗಲೂ ಎಲ್ಲರೂ ಮರುದಿನವೇ ಹೆಸರು ಬದಲಿಸಲಿಲ್ಲ. 826 ಜನ ಸಹಿ ಹಾಕಿ ಮುಖ್ಯಸ್ಥನೆಂದು ಒಪ್ಪಿಕೊಂಡದ್ದು ಜಾನ್ ಮರ್ರೆ ಎಂಬವನನ್ನು. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿ ಅಧಿಕಾರಿಯಾಗಿದ್ದವನು ಅವನು. ಅವನ ಮಗ ರಾಜನ ಅಪ್ಪಣೆ ಪಡೆದು ಮೆಕ್‌ಗ್ರೆಗರ್ ಹೆಸರಿಗೆ ಮರಳಿದ್ದು 1822ರಲ್ಲಿ! ಮುಖ್ಯಸ್ಥನ ಮನೆಯ ಕಥೆಯೇ ಹೀಗಿದ್ದ ಮೇಲೆ ಬಡ ರೈತರದು ಕೇಳಬೇಕೇ? ಕೆಲವರು ಡ್ರಮಂಡ್ ಆಗಿಯೇ ಉಳಿದುಬಿಟ್ಟರು. ಅಣ್ಣ ಒಂದು ಹೆಸರು, ತಮ್ಮ ಇನ್ನೊಂದು ಹೆಸರು ಇಟ್ಟುಕೊಂಡ ಮನೆಗಳೂ ಇದ್ದವು.

ನಿಮ್ಮ ಬೀಗರ ಸೀಮೆಯಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 1786ರಲ್ಲಿ ನೋವಾ ಸ್ಕೋಷಿಯಾದ ಪಿಕ್ಟೂಗೆ ಜೇಮ್ಸ್ ಮೆಕ್‌ಗ್ರೆಗರ್ ಎಂಬ ಪಾದ್ರಿ ಬಂದ. ಪರ್ತ್‌ಶೈರ್‌ನವನು, ಗೇಲಿಕ್‌ನಲ್ಲೇ ಪ್ರವಚನ ಮಾಡುತ್ತಿದ್ದ. ಅವನ ತಂದೆ ಜೇಮ್ಸ್ ಡ್ರಮಂಡ್. ನಿಮ್ಮ ಬೈಬಲ್‌ನಲ್ಲಿ ಇರುವ ಹಾಗೆಯೇ, ಅಲ್ವಾ? ಹಾಗೆಂದು ಇವನೇ ನಿಮ್ಮ ಸೊಸೆಯ ಹಿರಿಯ ಎಂದುಕೊಳ್ಳಬೇಡಿ. ವಂಶವೃಕ್ಷ ಬರೆಯುವವರಿಗೆ ಪ್ರಸಿದ್ಧರನ್ನು ಕೊಂಬೆಗೆ ಕೂರಿಸುವ ಚಪಲ ಜಾಸ್ತಿ.

ಊರು ಬಿಟ್ಟದ್ದಕ್ಕೆ ಹೆಸರಿನ ನಿಷೇಧವನ್ನೇ ಕಾರಣ ಮಾಡುವವರಿದ್ದಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಅಟ್ಲಾಂಟಿಕ್ ದಾಟಿದ ದೊಡ್ಡ ಅಲೆ ಬಂದದ್ದು ನಿಷೇಧ ಸಡಿಲವಾದ ಕಾಲದಲ್ಲೇ. 1746ರ ಕಲೋಡನ್ ಯುದ್ಧದ ಸೋಲಿನ ನಂತರ ಹೈಲ್ಯಾಂಡ್‌ನ, ಅಂದರೆ ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೆಯ, ಹಳೆಯ ಪದ್ಧತಿ ಮುರಿಯಿತು. ಗೇಣಿ ಏರಿತು. ಒಡೆಯರಿಗೆ ಒಕ್ಕಲಿಗಿಂತ ಕುರಿ ಲಾಭವೆನಿಸಿತು. 1773ರಲ್ಲಿ 'ಹೆಕ್ಟರ್' ಹಡಗು ಸುಮಾರು 200 ಜನರನ್ನು ಪಿಕ್ಟೂಗೆ ತಂದಿತು, ಆಮೇಲೆ ಹಡಗುಗಳ ಸಾಲು. ಇನ್ನೊಂದು ಹಾದಿ ಐರ್ಲೆಂಡಿನ ಅಲ್ಸ್ಟರ್ ಮೂಲಕ ಹೋಗುತ್ತದೆ. 1718ರಲ್ಲಿ ಅಲ್ಲಿಂದ ಹೊರಟ ಗುಂಪೊಂದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಲಂಡನ್‌ಡೆರಿ ಊರು ಕಟ್ಟಿತು. ಅದರ ಪಾದ್ರಿಯೂ ಮೆಕ್‌ಗ್ರೆಗರ್, ಅವನ ಹೆಸರೂ ಜೇಮ್ಸ್. ಹಾಗಾಗಿ ಬರೀ ಹೆಸರು ಹೊಂದಿತು ಎಂದು ಖುಷಿಪಡಬೇಡಿ.

ಈಗ ಹುಡುಕಾಟಕ್ಕೆ ಬರೋಣ. ಕೆನಡಾದಿಂದ ಶುರು ಮಾಡಿ, ಹಿಂದಕ್ಕೆ ಹೋಗಿ. ನೋವಾ ಸ್ಕೋಷಿಯಾ ಸರ್ಕಾರಿ ದಾಖಲಾಗಾರದ ಜಾಲತಾಣದಲ್ಲಿ 1864ರಿಂದ 1877ರವರೆಗಿನ ಜನನ, ಮರಣ ದಾಖಲೆಗಳಿವೆ. ಆಮೇಲೆ 1908ರವರೆಗೆ ಈ ನೋಂದಣಿ ನಿಂತಿತ್ತು. ಆ ನಡುವಿನದಕ್ಕೆ ಮದುವೆ ದಾಖಲೆ, ಚರ್ಚ್ ಪುಸ್ತಕ, ಜನಗಣತಿ ನೋಡಬೇಕು. 1865ಕ್ಕಿಂತ ಮೊದಲಿನ ಪ್ರಯಾಣಿಕರ ಪಟ್ಟಿ ಉಳಿದಿರುವುದು ತೀರಾ ಕಡಿಮೆ. ಅದಕ್ಕಾಗಿ ದುಡ್ಡು ಕೇಳುವವರ ಹತ್ತಿರ ಹುಷಾರು. ಗೋರಿಕಲ್ಲುಗಳನ್ನು ಮರೆಯಬೇಡಿ. ಎಷ್ಟೋ ಕಲ್ಲುಗಳ ಮೇಲೆ ಸ್ಕಾಟ್ಲೆಂಡಿನ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಸೀಮೆ, ಅದರ ಹೆಸರು ಕೆತ್ತಿರುತ್ತದೆ.

ಪ್ಯಾರಿಷ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. 'ಸ್ಕಾಟ್ಲೆಂಡ್ಸ್ ಪೀಪಲ್' ಎಂಬ ಸರ್ಕಾರಿ ಜಾಲತಾಣದಲ್ಲಿ ಹಳೆಯ ಪ್ಯಾರಿಷ್ ಪುಸ್ತಕಗಳಿವೆ. ಅಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1855ರಲ್ಲಿ, ನಿಮಗೆ ಬೇಕಾದದ್ದು ಅದಕ್ಕೂ ಹಿಂದಿನದು. ಎರಡೂ ಹೆಸರಿನಲ್ಲಿ ಹುಡುಕಿ. ತಾಯಿಯ ಹೆಸರನ್ನೂ ಹಾಕಿ. ಸ್ಕಾಟಿಷ್ ದಾಖಲೆಗಳಲ್ಲಿ ಮದುವೆಯಾದ ಹೆಂಗಸಿಗೆ ತವರಿನ ಹೆಸರು ಉಳಿಯುತ್ತಿತ್ತು. ಗಂಡಿನ ಹೆಸರು ಬದಲಾದಾಗ ಕೈ ಹಿಡಿಯುವುದು ಅದೇ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು ಇಡುವ ರೂಢಿಯೂ ಇತ್ತು. ಇದು ನಮಗೆ ಹೊಸದೇನಲ್ಲ.

ಮೆಕ್‌ಗ್ರೆಗರ್‌ನಂಥ ಮನೆತನವನ್ನು ಸ್ಕಾಟ್ಲೆಂಡಿನಲ್ಲಿ 'ಕ್ಲಾನ್' ಎನ್ನುತ್ತಾರೆ, ಅದನ್ನು ಗೋತ್ರದ ಹಾಗೆ ತಿಳಿಯಬೇಡಿ. ಮುಖ್ಯಸ್ಥನ ಆಸರೆಯಲ್ಲಿ ಬದುಕಿದವರೂ ಅವನ ಹೆಸರು ಇಟ್ಟುಕೊಳ್ಳುತ್ತಿದ್ದರು. ರಕ್ತಸಂಬಂಧವೇ ಗೊತ್ತಾಗಬೇಕಿದ್ದರೆ ವೈ ಕ್ರೋಮೋಸೋಮ್ ಪರೀಕ್ಷೆ ಇದೆ. ಅದು ಗಂಡು ಸಂತತಿಯಲ್ಲಿ ಮಾತ್ರ ಇಳಿಯುವುದರಿಂದ ಸೊಸೆಯ ಬದಲು ಅವಳ ತಂದೆ ಅಥವಾ ಅಣ್ಣತಮ್ಮಂದಿರು ಮಾಡಿಸಬೇಕು.

ಪ್ರಶ್ನೆ: ಹೆಸರಿನ ಮೊದಲಿಗೆ 'ಮ್ಯಾಕ್' ಇದ್ದರೆ ಸ್ಕಾಟಿಷ್, 'ಮೆಕ್' ಇದ್ದರೆ ಐರಿಷ್ ಅಂತಾರೆ. ಹೌದಾ?
— ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಎರಡನೆಯದು ಮೊದಲನೆಯದನ್ನು ಚಿಕ್ಕದಾಗಿ ಬರೆದ ರೂಪ, ಅಷ್ಟೇ. ಒಂದೇ ಮನೆಯ ದಾಖಲೆಗಳಲ್ಲಿ ಎರಡೂ ಇರುತ್ತವೆ.

ಪ್ರಶ್ನೆ: ನಮ್ಮ ನೆರೆಮನೆಯ ಆಂಗ್ಲೋ-ಇಂಡಿಯನ್ ಅಜ್ಜಿಯ ಮುತ್ತಾತ ಬೆಂಗಳೂರು ದಂಡಿನಲ್ಲಿದ್ದ ಸ್ಕಾಟಿಷ್ ಸಿಪಾಯಿಯಂತೆ. ದಾಖಲೆ ಎಲ್ಲಿ ಸಿಗುತ್ತದೆ?
— ಓದುಗರು, ಬೆಂಗಳೂರು

ಉತ್ತರ: ದಂಡಿನ ಚರ್ಚುಗಳಲ್ಲಿ ಆದ ನಾಮಕರಣ, ಮದುವೆ, ಸಮಾಧಿಗಳ ಪ್ರತಿಗಳು ಮದ್ರಾಸ್ ಪ್ರಾಂತ್ಯದ ಲೆಕ್ಕದಲ್ಲಿ ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರು ಎಂದಷ್ಟೇ ಹುಡುಕದೆ ಮದ್ರಾಸ್ ಎಂದೂ ಹುಡುಕಿ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚನ್ನು ಸ್ಕಾಟಿಷ್ ಪಂಗಡದವರಿಗಾಗಿ ಕಟ್ಟಿದ್ದು 1860ರ ದಶಕದಲ್ಲಿ. ಮುತ್ತಾತ ಅದಕ್ಕೂ ಮೊದಲಿನವನಾದರೆ ಬೇರೆ ಚರ್ಚುಗಳ ಪುಸ್ತಕಗಳನ್ನೇ ನೋಡಬೇಕಾಗುತ್ತದೆ. ಅವನ ರೆಜಿಮೆಂಟಿನ ಹೆಸರು ಅಜ್ಜಿಗೆ ನೆನಪಿದೆಯೇ ಎಂದು ಮೊದಲು ಕೇಳಿ.